ಗೌಂಡಿ ಹುಲಿಗೆಪ್ಪನ ಗೋವಾ ದರ್ಶನ

ಗೌಂಡಿ ಹುಲಿಗೆಪ್ಪನಿಗೆ ಗೋವಾ ಗೊತ್ತಿಲ್ಲ ಎನ್ನುವ ಗಂಡಸು ಫೋಂಡಾದಲ್ಲಿ ಇನ್ನೂ ಹುಟ್ಟಿಲ್ಲ. (ಹೆಂಗಸೊಬ್ಬಳು ಬೇರೆ ಕಡೆ ಹುಟ್ಟಿದ್ದಳು. ಗ್ರಹಚಾರಕ್ಕೆ ಅವಳನ್ನೇ ಅವನು ಮದುವೆಯಾಗಿದ್ದ.) ಕೊಪ್ಪಳದ ಕಡೆಯಿಂದ ಗಂಡನ ಹಿಂದೆ ಬಂದ ಲಾಗಾಯ್ತು ಸುಂದರವ್ವ ಕೇಳಿದ್ದು ಒಂದೇ ವರ, ಒಮ್ಮೆ ಸಮುದ್ರ ತೋರಿಸಿ ಅಂತ. ಮಗಳು ಬೆಳೆದು ಮದುವೆಯಾಗಿ ಹೋದರೂ ವರ ಸಿಕ್ಕಿರಲಿಲ್ಲ. ಪ್ರತಿಸಲವೂ ಹುಲಿಗೆಪ್ಪ ಅಂಗೈ ಅಗಲಿಸಿ ಅದೇ ಉತ್ತರ ಕೊಡುತ್ತಿದ್ದ.

"ಗೋವಾ ಅಂದ್ರ ನನ್ನ ಅಂಗೈ ಇದ್ದಂಗ. ನಾ ನೋಡೇನಲ್ಲ, ಮತ್ತ ನೀ ನೋಡೂದೇನೈತಿ? ನೀರು, ಉಸುಕು. ಅಷ್ಟ."

ಹೀಗಿರುವಾಗ ಅವರ ಮನೆಯ ಮೇಲಿನ ಕೋಣೆಗೆ ಕೀನ್ಯಾ ದೇಶದಿಂದ ಒಬ್ಬ ಹುಡುಗಿ ಬಂದಳು. ಹೆಸರು ಅಚಿಯೆಂಗ್. ಊರಿನ ಕಾಲೇಜಿನಲ್ಲಿ ಓದಲು ಬಂದವಳು. ಸುಂದರವ್ವನ ನಾಲಿಗೆ ಆ ಹೆಸರಿನ ಜೊತೆ ಒಂದು ಬೆಳಗು ಗುದ್ದಾಡಿ, ಮಧ್ಯಾಹ್ನದ ಹೊತ್ತಿಗೆ 'ಅಚ್ಚವ್ವ' ಎಂದು ನಾಮಕರಣ ಮುಗಿಸಿತು. ಹುಡುಗಿಯೂ ಹಿಂದೆ ಬೀಳಲಿಲ್ಲ. ಡಬ್ಬಿಯಲ್ಲಿದ್ದ ಜೋಳದ ಹಿಟ್ಟು ಕಂಡದ್ದೇ ತಡ, ಕಣ್ಣರಳಿಸಿ, ಒಲೆ ಮೇಲೆ ನೀರಿಟ್ಟು, ಹಿಟ್ಟು ಸುರಿದು ತೊಳಸಿ ಗಟ್ಟಿ ಮುದ್ದೆ ಮಾಡಿಟ್ಟಳು. ತನ್ನ ಅಮ್ಮ ಮಾಡುವುದೂ ಇದನ್ನೇ ಎಂದಳು. ಸಮುದ್ರದಾಚೆಯ ದೇಶದಲ್ಲೂ ಜನ ಮುದ್ದೆ ಉಣ್ಣುತ್ತಾರೆಂದು ತಿಳಿದು ಸುಂದರವ್ವನಿಗೆ ಆ ದೇಶದ ಮೇಲೆ ಭಾರೀ ಗೌರವ ಹುಟ್ಟಿತು. ಹುಲಿಗೆಪ್ಪನ ಹಿಂದಿ, ಹುಡುಗಿಯ ಇಂಗ್ಲಿಷ್, ಸುಂದರವ್ವನ ಕೈಸನ್ನೆ ಸೇರಿ ಮಾತುಕತೆಗೂ ಬರವಿರಲಿಲ್ಲ. ವಾರ ಮುಗಿಯುವುದರೊಳಗೆ ಹುಡುಗಿ 'ಭಾಳ ಚಲೋ' ಮತ್ತು 'ಸಾಕ್ರಿ' ಎಂಬೆರಡು ಕನ್ನಡ ಮಾತು ಕಲಿತಳು. ಸುಂದರವ್ವ ಬಡಿಸುವ ಮನೆಯಲ್ಲಿ ಬದುಕಲು ಅಷ್ಟು ಬೇಕೇ ಬೇಕು.

ಮೊದಲ ಭಾನುವಾರ ಹುಡುಗಿ ಇಲ್ಲಿ ನೋಡುವಂಥದ್ದು ಏನೇನಿದೆ ಎಂದು ಕೇಳಿದಳು. ಹುಲಿಗೆಪ್ಪನ ಎದೆ ಉಬ್ಬಿತು. ಟೋಪಿ ಹಾಕಿ, ಕಪ್ಪು ಚಶ್ಮಾ ಏರಿಸಿ, ಕಲಂಗುಟ್ ತೋರಿಸುತ್ತೇನೆ ನಡೆ ಎಂದ. ಒಳಗಿನಿಂದ ಸುಂದರವ್ವ ಇಳಕಲ್ ಸೀರೆ ಉಟ್ಟು, ರೊಟ್ಟಿ ಬುತ್ತಿ ಹಿಡಿದು ಹೊರಬಂದಳು. ಮನೆಗೆ ಬಂದ ಹುಡುಗಿಗೆ ತೋರಿಸುವ ಸಮುದ್ರ ಮನೆಯವಳಿಗೆ ಯಾಕಿಲ್ಲ ಎಂದು ಕೇಳಿದಳು.

"ಇವತ್ತ ಸಮುದ್ರ ಕಾಣ್ಲಿಲ್ಲಂದ್ರ," ಎಂದಳು ಚಪ್ಪಲಿ ಮೆಟ್ಟುತ್ತ, "ಇನ್ನ ಮ್ಯಾಲ ಅಂಗೈ ಮಾತು ನನ್ನ ಮುಂದ ಆಡಬ್ಯಾಡ್ರಿ."

ಬಸ್ಸಿನಲ್ಲಿ ದರ್ಶನ ಶುರುವಾಯಿತು. ಕೊರ್ಲಿಮ್ ಬಂದಾಗ ಹುಲಿಗೆಪ್ಪ ಎದ್ದು ನಿಂತು, ತಾನು ಕಟ್ಟಿದ ಒಂದು ಕಾರ್ಖಾನೆಯ ಶೆಡ್ಡು ತೋರಿಸಿ, ಅದರ ಪಾಯ ತೋಡುವಾಗ ನೀರು ಉಕ್ಕಿದ ಪುರಾಣವನ್ನು ಸಾಂಗವಾಗಿ ಹೇಳಿದ. ಪುರಾಣ ಮುಗಿಯುವ ಮೊದಲೇ ಹಳೇ ಗೋವಾದ ಶಿಲುಬೆ ಹೊತ್ತ ದೊಡ್ಡ ದೊಡ್ಡ ಇಗರ್ಜಿಗಳು ಅವನ ಬೆನ್ನ ಹಿಂದೆ ಬಂದು, ನಿಂತು, ಹೋಗಿಬಿಟ್ಟವು. ಬಸ್ಸಿನವರೆಲ್ಲ ಆ ಕಡೆ ನೋಡಿದರೆ ಹುಡುಗಿ ಪಾಪ ಮರ್ಯಾದೆಗೆ ಶೆಡ್ಡಿನ ಕಡೆಯೇ ಕತ್ತು ತಿರುಗಿಸಿಕೊಂಡಿದ್ದಳು. ಪಣಜಿಯಲ್ಲೂ ಅಷ್ಟೇ. ಎಲ್ಲರಿಗೂ ಹೊಳೆ ಕಂಡರೆ ಇವನಿಗೆ ಕಂಡದ್ದು ದಂಡೆಯ ಮೇಲಿನ ಕಟ್ಟಡದ ಮೂರನೇ ಸ್ಲ್ಯಾಬು. ಅದು ಅವನದು. ಹುಡುಗಿ ಪ್ರತಿಯೊಂದಕ್ಕೂ 'ಭಾಳ ಚಲೋ' ಎಂದಳು, ಮನಸಾರೆ ಎಂದಳು. ಸುಂದರವ್ವ ಮಾತ್ರ ಕಿಟಕಿಯಿಂದ ಸಮುದ್ರ ಹುಡುಕುತ್ತಿದ್ದಳು.

ಕಲಂಗುಟ್‌ನಲ್ಲಿ ಇಳಿದಾಗ ಜನವೆಲ್ಲ ತೇರಿಗೆ ಹೋದಂತೆ ಒಂದೇ ದಾರಿ ಹಿಡಿದು ಹೊರಟಿತ್ತು. ಹುಲಿಗೆಪ್ಪ ಆ ದಾರಿಗೆ ಬೆನ್ನು ತಿರುಗಿಸಿದ. ಗುಂಪಿನ ದಾರಿ ಗೊತ್ತಿಲ್ಲದವರಿಗೆ, ನಮಗೆ ಒಳದಾರಿ ಇದೆ ಎಂದ. ಅವನು ಇಲ್ಲಿ ಹೋಟೆಲ್ ಕಟ್ಟುವಾಗ ಉಸುಕಿನ ಟಿಪ್ಪರ್ ಬರುತ್ತಿದ್ದ ದಾರಿ ಅದು. ಮಧ್ಯಾಹ್ನ ಊಟಕ್ಕೆ ಮೊದಲು ಕೈಕಾಲು ತೊಳೆಯಲು ಆಳುಗಳೆಲ್ಲ ಅಲ್ಲಿಂದಲೇ ಸಮುದ್ರಕ್ಕೆ ಇಳಿಯುತ್ತಿದ್ದರಂತೆ. ಕಸದ ಡಬ್ಬಿ, ಜನರೇಟರ್, ಮಲಗಿದ ನಾಯಿ ಎಲ್ಲ ದಾಟಿ ನಡೆದರು. ಅಲೆಯ ಸಪ್ಪಳ ಕೇಳತೊಡಗಿತು. ಸುಂದರವ್ವನ ಹೆಜ್ಜೆ ಚುರುಕಾಯಿತು. ಹುಲಿಗೆಪ್ಪ ಕೈ ಚಾಚಿ, ಇಗೋ ಬಂತು ಎಂದು ತಿರುವು ಹೊರಳಿದ.

ಬಂದದ್ದು ಗೋಡೆ.

ಸಣ್ಣಪುಟ್ಟ ಗೋಡೆಯಲ್ಲ. ಆಳೆತ್ತರ ದಾಟಿದ, ತಲೆ ಮೇಲೆ ಗಾಜಿನ ಚೂರು ಹೊತ್ತ, ದಾರಿಯ ಈ ತುದಿಯಿಂದ ಆ ತುದಿಗೆ ದಾರ ಹಿಡಿದಂತೆ ನೆಟ್ಟಗೆ ನಿಂತ ಗೋಡೆ. ಆಚೆ ಬದಿ ಸಮುದ್ರ ಗುಡುಗುತ್ತಿತ್ತು. ಈಚೆ ಬದಿ ಸುಂದರವ್ವ ಗುಡುಗಲು ಸಿದ್ಧಳಾಗಿದ್ದಳು.

"ಯಾರ್ ಕಟ್ಟ್ಯಾರ್ರೀ ಇದನ್ನ?"

ಆಗ ಹುಲಿಗೆಪ್ಪನಿಗೆ ನೆನಪಾಯಿತು. ಕೆಲಸದ ಕಡೆಯ ವಾರ ಹೋಟೆಲ್ ಮಾಲಕರು ಹಿಂದಿನ ಈ ಸಂದಿ ಮುಚ್ಚಲು ಹೇಳಿದ್ದರು. ಮುಚ್ಚಿ, ಮುಂದಿನ ಗೇಟಿನಿಂದ ಲಾರಿ ಹತ್ತಿ ಬಂದಿದ್ದ. ಯಾರೋ ಕಟ್ಟಿದ್ದಾರೆ ಬಿಡು ಎಂದಿದ್ದರೆ ಬದುಕುತ್ತಿದ್ದ. ಬಾಯಿಗೂ ಬಂತು ಆ ಮಾತು. ಆದರೆ ಎಷ್ಟು ಮಳೆ ಕುಡಿದರೂ, ಎಷ್ಟು ಉಪ್ಪುಗಾಳಿ ತಿಂದರೂ ಒಂದು ಬಿರುಕಿಲ್ಲ. ಇಂಥ ಗೋಡೆಯನ್ನು ಇನ್ನೊಬ್ಬನ ಹೆಸರಿಗೆ ಬರೆದುಕೊಡಲು ಅವನ ಜೀವ ಒಪ್ಪಲಿಲ್ಲ.

"ನಾನ," ಎಂದ, ತಲೆ ತಗ್ಗಿಸಿ, ಗೋಡೆ ಸವರುತ್ತ. "ಪ್ಲಾಸ್ಟರ್ ನೋಡು ಹೆಂಗೈತಿ."

ಹುಡುಗಿ ಗೋಡೆ ಮುಟ್ಟಿ ನೋಡಿ, ನಿಜವಾಗಿಯೂ ಬೆರಗಾಗಿ, ಅವನನ್ನು ಅದಕ್ಕೆ ಒರಗಿಸಿ ನಿಲ್ಲಿಸಿ ಫೋಟೋ ತೆಗೆದಳು. ಆಮೇಲೆ ತುಟಿ ಕಚ್ಚಿ ನಗು ತಡೆದುಕೊಂಡು, ಮೊಬೈಲಿನಲ್ಲಿ ದಾರಿ ನೋಡಿ, ಸುಂದರವ್ವನ ಕೈ ಹಿಡಿದು ನಡೆದಳು. ಗೋವಾಕ್ಕೆ ಬಂದು ವಾರವಾದವಳು ಮುಂದೆ, ಅಂಗೈಯ ಒಡೆಯ ಬುತ್ತಿ ಹೊತ್ತು ಹಿಂದೆ. ಜನ ಹೋಗುವ ದಾರಿಯಲ್ಲೇ ಹೋದರು. ಆ ದಾರಿ ಸಮುದ್ರಕ್ಕೇ ಹೋಗುತ್ತಿತ್ತು.

ಸುಂದರವ್ವ ನಿಂತಲ್ಲೇ ನಿಂತಳು. ಕಣ್ಣಲ್ಲಿ ನೀರು ತುಂಬಿತ್ತು. ಕಡೆಗೆ ಗಂಡನ ಕಡೆ ತಿರುಗಿ ಮೆಲ್ಲಗೆ ಕೇಳಿದಳು.

"ಇಷ್ಟ್ ದೊಡ್ಡದಿತ್ತೇನ್ರೀ? ಒಂದ್ ದಿನರ ಹೇಳ್ಲಿಲ್ಲಲ್ರೀ ನೀವು."

ಇದಕ್ಕಿಂತ ಅವಳು ಬೈದಿದ್ದರೆ ಚೆನ್ನಾಗಿತ್ತು. ಹುಲಿಗೆಪ್ಪ ಚಪ್ಪಲಿಗಳನ್ನು ಒಂದು ಕಡೆ ಸಾಲಾಗಿ ಜೋಡಿಸಿ ಕಾಯುತ್ತ ಕುಳಿತ. ಹುಡುಗಿ ತನ್ನ ದೇಶದ ದೊಡ್ಡ ಕೆರೆಯ ದಂಡೆಯಲ್ಲಿ ಬೆಳೆದವಳು, ನೀರಿಗೆ ಹೆದರುವ ಪೈಕಿಯಲ್ಲ. ಇಳಕಲ್ ಸೀರೆ ಮೊಣಕಾಲಿಗೇರಿಸಿ ಸುಂದರವ್ವ ಅವಳ ಜೊತೆ ಅಲೆಗೆ ಎದೆಗೊಟ್ಟು ನಿಂತು, ಬಿದ್ದು, ಎದ್ದು, ಸಣ್ಣ ಹುಡುಗಿಯಂತೆ ನಕ್ಕಳು. ಅವಳು ಹಾಗೆ ನಗುವುದನ್ನು ಅವನೂ ಅಂದೇ ಮೊದಲು ನೋಡಿದ್ದು. ನೋಡಲಿಕ್ಕೆ ಬಹಳ ಚೆಂದವಿತ್ತು.

ಮುಂದಿನ ಭಾನುವಾರ ಹಳೇ ಗೋವಾದ ಇಗರ್ಜಿ ನೋಡುವುದೆಂದು ನಿಶ್ಚಯವಾಯಿತು. ಹುಲಿಗೆಪ್ಪ ಎಲ್ಲರಿಗಿಂತ ಮೊದಲೇ ಎದ್ದು, ಮಿಂದು, ಟೋಪಿ ಹಾಕಿ, ಚಶ್ಮಾ ಏರಿಸಿ ಬಾಗಿಲಲ್ಲಿ ನಿಂತ. ಈ ಸಲ ಶೆಡ್ಡಿನ ಕಡೆ ಬೆರಳು ಮಾಡುವುದಿಲ್ಲವೆಂದು ಮನಸ್ಸಿನಲ್ಲೇ ಆಣೆ ಹಾಕಿಕೊಂಡಿದ್ದ. ಅಚ್ಚವ್ವ ಹೊರಬಂದಳು. ಹಿಂದೆಯೇ ಸುಂದರವ್ವ ಬಂದು, ಅವನ ಕೈಗೆ ಒಂದು ಮೊರ ಜೋಳ ಇಟ್ಟಳು, ಸಂಜೆಯೊಳಗೆ ಹಸನು ಮಾಡಿಡಿ ಎಂದು.

ನಾನೂ ಬರುತ್ತೇನೆ ಎಂದ ಹುಲಿಗೆಪ್ಪ. ಸುಂದರವ್ವ ಅಂಗೈ ಅಗಲಿಸಿ ಅವನ ಮುಖದ ಮುಂದೆ ಹಿಡಿದಳು.

"ಗೋವಾ ಅಂದ್ರ ನಿಮ್ಮ ಅಂಗೈ ಇದ್ದಂಗ. ನೀವ್ ನೋಡೀರಲ್ಲ, ಮತ್ತ ನೋಡೂದೇನೈತಿ?"

ಹುಡುಗಿ ಪಕ್ಕದಲ್ಲಿ ನಿಂತು 'ಭಾಳ ಚಲೋ' ಎಂದಳು. ಇಬ್ಬರೂ ಬಸ್‌ಸ್ಟ್ಯಾಂಡಿನ ಕಡೆ ಹೊರಟರು. ಹುಲಿಗೆಪ್ಪ ಟೋಪಿ ತೆಗೆಯದೆಯೇ ಕಟ್ಟೆಯ ಮೇಲೆ ಕುಳಿತು, ಜೋಳದಲ್ಲಿ ಕಲ್ಲು ಆರಿಸತೊಡಗಿದ.