ಬಣ್ಣ ಬಿಟ್ಟ ದಡಿ ಕೋಳಿಗಳು

ಕೋಳಿ ಸಾಕಿದವರ ಮನೆಗೆ ಹೋಗಿಬರುವವನಿಗೆ ನಗಲು ಬೇರೆ ದಾರಿ ಹುಡುಕಬೇಕಾಗಿಲ್ಲ. ಎಂಬತ್ತರ ದಶಕದ ಕೊನೆಗೆ ನಾನು ಚಿಕ್ಕೋಡಿಯ ಸರಕಾರಿ ದನದ ದವಾಖಾನೆಯಲ್ಲಿ ಕೋಳಿಗಳ ಕೆಲಸ ನೋಡಿಕೊಳ್ಳುತ್ತಿದ್ದೆ. ಸೈಕಲ್ಲಿಗೆ ಲಸಿಕೆಯ ಥರ್ಮಾಸ್ ಕಟ್ಟಿಕೊಂಡು ಊರೂರು ತಿರುಗುವುದು. ನಡೆದ ಪ್ರಸಂಗಗಳು ಬಹಳ. ಆದರೆ ಕರೋಶಿಯ ಒಂದು ಮನೆ ನೆನಪಾದರೆ ಈಗಲೂ ಊಟದ ನಡುವೆ ನಗು ಬಂದು ಹೆಂಡತಿಯಿಂದ ಬೈಸಿಕೊಳ್ಳುತ್ತೇನೆ.

ದಡಿ

ಆ ಮನೆಯ ಒಡತಿಯನ್ನು ಊರೆಲ್ಲ ಆಯಿ ಅನ್ನುತ್ತಿತ್ತು. ಯಜಮಾನರು ಎಲ್ಲರಿಗೂ ಕಾಕಾ. ನಾಲ್ಕೆಕರೆ ಕಬ್ಬು, ಎರಡು ಎಮ್ಮೆ, ಹಿತ್ತಲ ತುಂಬ ಕೋಳಿ. ಕೊಲ್ಹಾಪುರದ ಸಂಬಂಧಿಕರು ಆಯಿಗೆ ಹೊಸ ಜಾತಿಯ ಒಂದು ಹುಂಜ, ನಾಲ್ಕು ಹ್ಯಾಟಿ, ಅಂದರೆ ಹೆಣ್ಣು ಕೋಳಿ, ಕೊಟ್ಟಿದ್ದರು. ಬಂಗಾರದ ಬಣ್ಣದ ಗರಿ. ಇರಕಲ್ ಸೀರೆಗೆ ದಡಿ ಇರುತ್ತದಲ್ಲ, ಹಾಗೆ ಒಂದೊಂದು ಗರಿಯ ಸುತ್ತಲೂ ಕರಿ ಗೆರೆ. ಆಯಿ ಅವನ್ನು ದಡಿ ಕೋಳಿ ಎಂದೇ ಕರೆದಳು.

ಒಮ್ಮೆ ಹಿರಿಯ ಅಳಿಯ ಬಂದಿದ್ದ. ನಾಟಿ ಕೋಳಿಗಳೆಲ್ಲ ಕಾವಿಗೆ ಕೂತಿದ್ದವು. ಕಾಕಾ ಮೆಲ್ಲಗೆ, "ಒಂದ ದಡಿ ಹ್ಯಾಟಿ ಕೊಯ್ಯೂಣೇನ? ಅಳಿಯಾ ಬಂದಾನ," ಅಂದರು.

ಆಯಿ ಬದನೆಕಾಯಿ ಹೆಚ್ಚುತ್ತಲೇ ಹೇಳಿದಳು: "ಅಳಿಯಾ ಮತ್ತ ಬರ್ತಾನ್ರಿ. ಈ ದಡಿ ಮತ್ತ ಬರೂದುಲ್ಲ."

ತಪ್ಪು ಯಾರದು

ಮುಂದಿನ ಬೇಸಿಗೆಯಲ್ಲಿ ಆ ಹುಂಜವನ್ನು ನಾಯಿ ಹಿಡಿಯಿತು. ಆಯಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನನಗೂ ಕೆಡುಕೆನಿಸಿ, ನಿಪ್ಪಾಣಿಯಲ್ಲಿ ಹವ್ಯಾಸಕ್ಕೆ ಕೋಳಿ ಸಾಕುತ್ತಿದ್ದ ಒಬ್ಬರಿಂದ ಅದೇ ಜಾತಿಯ ಹುಂಜ ತಂದುಕೊಟ್ಟೆ. ಮೈಯೇನೋ ಬಂಗಾರದ್ದೇ, ಆದರೆ ದಡಿ ಮಾತ್ರ ಬಿಳಿ, ಅಲ್ಲಲ್ಲಿ ಬೂದಿ ಚುಕ್ಕೆ. "ಇರಲಿ, ಮರಿಗಳು ತಾಯಿ ಹಂಗ ಆಗ್ತಾವ," ಎಂದಳು ಆಯಿ.

ಮರಿಗಳ ಗರಿ ಬಲಿತಾಗ ನೋಡಿದರೆ ಒಂದಕ್ಕೂ ಕರಿ ದಡಿ ಇಲ್ಲ. ಎಲ್ಲವಕ್ಕೂ ಬೂದಿ ಬಣ್ಣದ ದಡಿ. ಆ ಹೊತ್ತಿಗೆ ಸೊಸೆ ಹೇನು ಹೋಗಲೆಂದು ಮರಿಗಳನ್ನು ತೆಳು ತಂಬಾಕಿನ ನೀರಿನಲ್ಲಿ ಅದ್ದಿ ತೆಗೆದಿದ್ದಳು. ಆಯಿಗೆ ಅಷ್ಟೇ ಸಾಕಾಯಿತು. "ನನ್ನ ಕೋಳಿ ಬಣ್ಣಾ ಬಿಡಿಸಿದಿ!" ಮಾತಿಗೆ ಮಾತು ಬೆಳೆದು ಸೊಸೆ ಗಂಟು ಕಟ್ಟಿಕೊಂಡು ಮುಗಳಖೋಡದ ತವರಿಗೆ ಹೋಗಿಬಿಟ್ಟಳು. ಮಗ ಹೊಲದಿಂದ ಬಂದು ತಾನೇ ರೊಟ್ಟಿ ಬಡಿಯುವ ಹಾಗಾಯಿತು.

ಸುದ್ದಿ ಕೇಳಿ ನಾನು ಕರೋಶಿಗೆ ಸೈಕಲ್ ತುಳಿದೆ. ಆಯಿಯ ಮುಂದೆ ಕೂತು ಹೇಳಿದೆ: "ಆಯಿ, ಇದು ರಕ್ತದಾಗಿನ ಗುಣ. ಮಜ್ಜಿಗಿಗೆ ನೀರು ಹಾಕಿದಂಗ ಇದು ಕರಿ ಬಣ್ಣಕ್ಕ ನೀರು ಹಾಕ್ತೈತಿ. ತಂದಿಯಿಂದಾಗಲಿ ತಾಯಿಯಿಂದಾಗಲಿ ಒಂದ ಪಾಲು ಬಂದ್ರ ಕರಿ ಹೋಗಿ ಬೂದಿ. ಇಬ್ಬರಿಂದಲೂ ಬಂದ್ರ ಬಿಳಿ. ಬಂಗಾರದ ಬಣ್ಣಾ ಮುಟ್ಟೂದುಲ್ಲ. ಈ ಹುಂಜಕ್ಕ ಎರಡೂ ಪಾಲು ಐತಿ, ಅದಕ್ಕ ಮರಿಗೆಲ್ಲ ಒಂದೊಂದು ಪಾಲು ಬಂದೈತಿ."

"ಹಂಗಾರ ನೀರು ಹಾಕಿದಾವ್ರು ಯಾರು?"

"ಹುಂಜ, ಆಯಿ."

"ಹುಂಜ ತಂದಾವ್ರು?"

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಆಯಿ ನನ್ನನ್ನೂ ಎಳೆದುಕೊಂಡು ಮುಗಳಖೋಡಕ್ಕೆ ಹೋದಳು. ಸೊಸೆ ಬಾಗಿಲ ಹಿಂದೆ ನಿಂತಿದ್ದಳು. ಆಯಿ ಅವಳ ಕೈ ಹಿಡಿದು, ನನ್ನತ್ತ ಗದ್ದ ಎತ್ತಿ ತೋರಿಸಿ ಹೇಳಿದಳು:

"ಬಾ ಬೇ, ಮನಿಗೆ ಹೋಗೂಣು. ತಪ್ಪು ನಿಂದಲ್ಲ. ಸರಕಾರದ್ದು."

ಒಂದೇ ತಾಯಿ ಮಕ್ಕಳು

ರಾಜಿಯಾದ ಖುಷಿಗೆ ಆಯಿ ಬೀಗರಿಗೆ ಬೂದಿ ದಡಿಯ ಒಂದು ಹುಂಜ, ಒಂದು ಹ್ಯಾಟಿ ಕಳಿಸಿದಳು. ಬೀಗರಿಗೆ ಆ ಬೂದಿಯೇ ಹಿಡಿಸಿತು. "ಇವಕ್ಕ ಹುಟ್ಟೂವೂ ಹಿಂಗ ಇರ್ತಾವಿಲ್ರಿ ಸಾಹೇಬ್ರ?" ಎಂದು ಕೇಳಿದರು. ನಾನು ಬೇರೇನೋ ಗುಂಗಿನಲ್ಲಿ ಹೂಂ ಅಂದುಬಿಟ್ಟೆ.

ಕೆಲವು ತಿಂಗಳಿಗೆ ಬೀಗರು ಬುಟ್ಟಿ ಹೊತ್ತು ಚಿಕ್ಕೋಡಿಯ ದವಾಖಾನೆಗೇ ಬಂದರು. ಮುಚ್ಚಳ ತೆಗೆದರೆ ಹನ್ನೆರಡು ಮರಿ. ಮೂರಕ್ಕೆ ಕರಿ ದಡಿ, ಆರಕ್ಕೆ ಬೂದಿ, ಮೂರಕ್ಕೆ ಬಿಳಿ. ಬೂದಿಗೆ ಬೂದಿ ಕೂಡಿದರೆ ಹೀಗೆ ಆಗುವುದೇ. ಕೆಲವು ಮರಿಗೆ ನೀರಿನ ಪಾಲೇ ಬರುವುದಿಲ್ಲ, ಕೆಲವಕ್ಕೆ ಎರಡೂ ಬರುತ್ತವೆ. ಆ ಲೆಕ್ಕವನ್ನು ನಾನು ಬೆವರು ಒರೆಸಿಕೊಳ್ಳುತ್ತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ.

ಬೀಗರು ಲೆಕ್ಕ ನೋಡಿದರು, ಮರಿಗಳನ್ನು ನೋಡಿದರು. ಆಮೇಲೆ ಮುಚ್ಚಳ ಹಾಕಿದರು.

"ಒಪ್ಪಿದೆ ಬಿಡ್ರಿ. ನಮ್ಮನ್ಯಾಗೂ ಒಂದ ತಾಯಿ ಮಕ್ಕಳು ನಾಲ್ಕು ಮಂದಿ ಅದಾರ. ಇಲೆಕ್ಷನ್ ಬಂತಂದ್ರ ನಾಲ್ಕು ಪಾರ್ಟಿ."

ಪ್ರದರ್ಶನ

ತೊಂಬತ್ತರ ನಂತರದ ಒಂದು ಚಳಿಗಾಲದಲ್ಲಿ ಚಿಕ್ಕೋಡಿಯಲ್ಲಿ ದನ, ಕುರಿ, ಕೋಳಿಗಳ ಪ್ರದರ್ಶನವಾಯಿತು. ಆಯಿಯ ಹತ್ತಿರ ಆಗ ಇದ್ದದ್ದರಲ್ಲಿ ಚೆಂದದ ಹುಂಜವೆಂದರೆ ಬೂದಿ ದಡಿಯದು. ಆದರೆ ಕರಿ ದಡಿ ಇದ್ದರಷ್ಟೇ ಬಹುಮಾನ ಎಂದು ಯಾರೋ ಕಾಕಾನ ಕಿವಿಯಲ್ಲಿ ಊದಿದ್ದರು. ಹೆಂಡತಿಗೆ ಒಮ್ಮೆಯಾದರೂ ಬಹುಮಾನ ಬರಲಿ ಎಂದು ಕಾಕಾಗೆ ಆಸೆ.

ಪ್ರದರ್ಶನದ ದಿನ ಹೋಗಿ ನೋಡುತ್ತೇನೆ, ಪಂಜರದಲ್ಲಿ ಹುಂಜ ಮಿರಮಿರ ಮಿಂಚುತ್ತಿದೆ. ದಡಿ ಕಾಡಿಗೆಯಷ್ಟು ಕರಿ. ಆಯಿ ಹಿಗ್ಗಿ ಹೀರೇಕಾಯಿಯಾಗಿದ್ದಳು. "ನೋಡ್ರಿ ಸಾಹೇಬ್ರ, ಛಲೋ ಕಾಳು ಹಾಕಿದ್ದಕ್ಕ ಬಣ್ಣಾ ತಿರುಗಿ ಬಂದೈತಿ!" ರಕ್ತದ ಗುಣ ಕಾಳಿಗೆ ಬದಲಾಗುವುದಿಲ್ಲವೆಂದು ನನಗೆ ಗೊತ್ತು. ಕಾಕಾನ ಕಡೆ ನೋಡಿದೆ. ಕಾಕಾ ಆಕಾಶ ನೋಡಿದರು.

ತೀರ್ಪು ಕೊಡಲು ಬಂದ ಡಾಕ್ಟರು ಹುಂಜವನ್ನು ಎತ್ತಿಕೊಂಡರು. ಬೆರಳು ನೀರಿಗೆ ಅದ್ದಿ ಒಂದು ಗರಿಯ ಮೇಲೆ ಎಳೆದರು. ಬೆರಳು ಕರಿ, ಗರಿ ಬೂದಿ.

"ಇದು ತಲಿಗೆ ಹಚ್ಚೂ ಬಣ್ಣಾ, ನೀರು ತಾಗಿದ್ರ ಬಿಡೂವಂಥಾದ್ದು. ಯಾರು ಹಚ್ಚ್ಯಾರ್ರಿ?"

ಆಯಿಯ ಮುಖ ಸಣ್ಣದಾಯಿತು. "ನಮ್ಮನ್ಯಾಗ ತಲಿಗೆ ಬಣ್ಣಾ ಹಚ್ಚೂವ್ರು ಯಾರೂ ಇಲ್ರಿ," ಎಂದಳು. ತಲೆಗಲ್ಲವಾದರೆ ಇನ್ನೆಲ್ಲಿಗೆ ಎಂದು ಅವಳಿಗೇ ಹೊಳೆಯಿತೇನೋ, ಕತ್ತು ಮೆಲ್ಲಗೆ ಕಾಕಾನ ಕಡೆ ತಿರುಗಿತು. ಅರವತ್ತು ದಾಟಿದ ಕಾಕಾನ ತಲೆಯೆಲ್ಲ ಬೆಳ್ಳಗಾದರೂ ಹುರಿ ಮೀಸೆ ಮಾತ್ರ ಕಾಗೆಯ ರೆಕ್ಕೆಯಂತಿತ್ತು. "ನಮ್ಮ ಮನೆತನದ ಮೀಸಿ ಹಣ್ಣಾಗೂದುಲ್ಲ," ಎಂದು ಅವರು ಊರಿಗೆಲ್ಲ ಹೇಳಿಕೊಂಡು ಬಂದಿದ್ದರು.

ಆಯಿ ಸೆರಗಿನ ಚುಂಗು ನೀರಿಗೆ ಅದ್ದಿದಳು. ಕಾಕಾ ಹಿಂದೆ ಸರಿಯುವುದರೊಳಗೆ ಮೀಸೆಯ ಎಡಗಡೆ ಒಮ್ಮೆ ಗಸಗಸ ತಿಕ್ಕಿದಳು. ಎಡ ಮೀಸೆ ಬೂದಿಯಾಯಿತು. ಇನ್ನೊಮ್ಮೆ ತಿಕ್ಕಿದಳು. ಹಾಲಿನಷ್ಟು ಬಿಳಿ.

ಡಾಕ್ಟರು ಹುಂಜ ಹಿಡಿದುಕೊಂಡೇ ಕೆಳಗೆ ಕೂತು ನಕ್ಕರು. ಕಣ್ಣೊರೆಸಿಕೊಂಡು, "ಆಯಿ, ಬಣ್ಣಾ ಹಚ್ಚಿದ ಹುಂಜಕ್ಕ ಬಹುಮಾನ ಕೊಡಾಕ ಬರೂದುಲ್ರಿ," ಎಂದರು.

"ಹುಂಜಕ್ಕ ಬ್ಯಾಡ್ರಿ," ಎಂದಳು ಆಯಿ. "ಅದಕ್ಕ ನಿಮಗ ಒಂದ ತಾಸೂ ಮೋಸ ಮಾಡಾಕ ಆಗ್ಲಿಲ್ಲ. ಈ ನಮ್ಮವ್ರಿಗೆ ಕೊಡ್ರಿ. ಇಪ್ಪತ್ತು ವರ್ಷ ಒಂದ ಮನ್ಯಾಗ ದಿನಾ ಹಚ್ಚಿಕೊಂಡ್ರೂ ನನಗ ಗೊತ್ತಾಗಗೊಟ್ಟಿಲ್ಲ!"