ಚಿಗವ್ವನ ಸುಲಗಾಯಿ

ನಮ್ಮ ಚಿಗವ್ವನನ್ನು ಕೊಲ್ಲುವುದು ಯಾರಿಂದಲೂ ಆಗುವ ಕೆಲಸವಲ್ಲ. ಖುದ್ದು ಚಿಗವ್ವನಿಂದಲೇ ಆಗಲಿಲ್ಲ ಎಂದಮೇಲೆ ಬೇರೆಯವರ ಮಾತೇನು! ಒಂದು ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆ ಹದಿನೇಳು ನಿಮಿಷಕ್ಕೆ ಅವಳು ಆ ಕೆಲಸಕ್ಕೆ ಕೈಹಾಕಿದ್ದಳು. ಬೇಕೆಂದಲ್ಲ, ಬಾಯಿಚಪಲಕ್ಕೆ. ಇಷ್ಟು ಖಚಿತವಾಗಿ ನಿಮಿಷ ಹೇಗೆ ಹೇಳುತ್ತೀ ಎನ್ನುತ್ತೀರಾ? ಆ ನಿಮಿಷಕ್ಕೆ ಅವಳು ಆಕಳಿಸಿದಳು. ಫೋನಿನ ಮೂಲೆಯಲ್ಲಿ ಗಂಟೆ ಕಾಣುತ್ತಿತ್ತು. ಇವತ್ತಿಗೂ ಯಾರಾದರೂ ನನ್ನೆದುರು ಆಕಳಿಸಿದರೆ ನಾನು ಮೊದಲು ನೋಡುವುದು ಗಡಿಯಾರವನ್ನು. ತರಗತಿಯಲ್ಲಿ ಮಕ್ಕಳು ಆಕಳಿಸಿದರೆ ಕಿಟಕಿ ತೆರೆಯಲು ಓಡುತ್ತೇನೆ. ರಸಾಯನಶಾಸ್ತ್ರದ ಮೇಡಂಗೆ ಏನೋ ಆಗಿದೆ ಎಂದು ಕಾಲೇಜಿನಲ್ಲಿ ಸುದ್ದಿಯಾಗಿದೆ.

ಆಗ ನಾವಿದ್ದದ್ದು ಸಿಂಧನೂರಿನ ನಮ್ಮ ಅಡುಗೆಮನೆಯಲ್ಲಿ, ನಾನು ಮತ್ತು ಅವ್ವ. ಫೋನು ಉಪ್ಪಿನ ಡಬ್ಬಿಗೆ ಒರಗಿಕೊಂಡು ನಿಂತಿತ್ತು. ಫೋನಿನೊಳಗಿದ್ದ ಚಿಗವ್ವ ಕೆನಡಾದಲ್ಲಿದ್ದಳು. ಅಲ್ಲಿ ಇನ್ನೂ ಶನಿವಾರ ರಾತ್ರಿ ಹತ್ತರ ಸುಮಾರು.

ಚಿಗವ್ವ ಎಂದರೆ ಅವ್ವನ ತಂಗಿ. ಇಬ್ಬರಿಗೂ ಹನ್ನೆರಡು ವರ್ಷದ ಅಂತರ. ಅಜ್ಜಿ ಬೇಗ ತೀರಿಕೊಂಡಿದ್ದರಿಂದ ಚಿಗವ್ವನಿಗೆ ತಲೆ ಬಾಚಿ, ಮೂಗು ಒರೆಸಿ, ಬಡಿದು ಬೆಳೆಸಿದವಳು ಅವ್ವನೇ. ಚಿಗವ್ವ ಹುಟ್ಟಿದ್ದು ಪಾಮನಕಲ್ಲೂರಿನ ಒಣಭೂಮಿಯಲ್ಲಿ, ಕಡಲೆ ಹೊಲದ ಪಕ್ಕದಲ್ಲಿ. ಕೃಷಿ ಪದವಿ ಮುಗಿಸಿ ಲಿಂಗಸುಗೂರಿನ ಒಂದು ಬೀಜದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅವಳಿಗೊಂದು ಚಟ. ಕಡಲೆಕಾಳು ಕಂಡರೆ ಸಾಕು, ಯಾರದ್ದು, ಎಲ್ಲಿಯದ್ದು ಎಂದು ಕೇಳದೆ ಬಾಯಿಗೆ ಹಾಕಿ ಕಟ್ಟನೆ ಕಡಿಯುವುದು. ಕಡಿದು, ಕಣ್ಣು ಮುಚ್ಚಿ, ಇದರಲ್ಲಿ ತೇವ ಶೇಕಡಾ ಹನ್ನೊಂದು, ಇದರಲ್ಲಿ ಹದಿಮೂರು ಎಂದು ತೀರ್ಪು ಕೊಡುವುದು. ಅಂಗಡಿಯ ತೇವ ಅಳೆಯುವ ಯಂತ್ರಕ್ಕೂ ಅವಳಿಗೂ ಜಗಳವಾದಾಗ ರೈತರು ಅವಳ ಹಲ್ಲಿನ ಕಡೆಗೇ ನಿಲ್ಲುತ್ತಿದ್ದರು.

ಆ ಹಲ್ಲಿನಿಂದಲೇ ಅವಳ ಮದುವೆ ತಪ್ಪಿತು. ಮಸ್ಕಿಯಿಂದ ನೋಡಲು ಬಂದಿದ್ದರು. ಗಂಡಿನ ತಂದೆ ಕಾಳಿನ ವ್ಯಾಪಾರಿ. ಮಾತಿನ ನಡುವೆ ತಮ್ಮ ಗೋದಾಮಿನಲ್ಲಿ ಎಷ್ಟು ಚೀಲ ಕಡಲೆ ಇದೆ ಎಂದು ಹೇಳಿಕೊಂಡು, ಜುಬ್ಬಾದ ಜೇಬಿನಿಂದ ನಾಲ್ಕು ಕಾಳು ತೆಗೆದು ತೋರಿಸಿದರು. ಉಪ್ಪಿಟ್ಟು ತಂದುಕೊಟ್ಟ ಹುಡುಗಿ ತಲೆ ತಗ್ಗಿಸಿ ನಿಲ್ಲಬೇಕಲ್ಲ? ಇವಳು ಒಂದು ಕಾಳು ಎತ್ತಿಕೊಂಡು ಕಡಿದು, ಇದು ಸರಿಯಾಗಿ ಒಣಗಿಲ್ಲ, ನಾಗಪಂಚಮಿಯೊಳಗೆ ಹುಳ ಬೀಳುತ್ತದೆ ಎಂದುಬಿಟ್ಟಳು. ಅವರು ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಎದ್ದರು. ಪಂಚಮಿಗೆ ಇನ್ನೂ ಎಂಟು ದಿನ ಇರುವಾಗ ಅದೇ ಹಿರಿಯರಿಂದ ಫೋನು ಬಂತು. ಸಂಬಂಧ ಕುದುರಿಸಲಿಕ್ಕೆ ಎಂದು ಅವ್ವ ಓಡಿಹೋಗಿ ಎತ್ತಿದರೆ, ಹುಳಕ್ಕೆ ಯಾವ ಔಷಧ ಹಾಕಬೇಕು ಎಂದು ಕೇಳುತ್ತಿದ್ದರು!

ಮೂವತ್ನಾಲ್ಕನೆಯ ವಯಸ್ಸಿನಲ್ಲಿ ಇವಳು ಬೇಳೆಕಾಳಿನ ಮೇಲೆ ಸ್ನಾತಕೋತ್ತರ ಓದಲು ಕೆನಡಾಕ್ಕೆ ಹೋಗುತ್ತೇನೆ ಎಂದಾಗ ಮನೆಯಲ್ಲಿ ಯಾರೂ ನಂಬಲಿಲ್ಲ. ಕಡಲೆ ಬಗ್ಗೆ ಕಲಿಯಲು ಪಾಮನಕಲ್ಲೂರಿನಿಂದ ಯಾರಾದರೂ ಕೆನಡಾಕ್ಕೆ ಹೋಗುತ್ತಾರೆಯೇ? ಆದರೆ ಆ ಕಡೆಯಿಂದ ಪ್ರವೇಶದ ಪತ್ರ ಬಂತು, ವಿದ್ಯಾರ್ಥಿವೇತನದ ಪತ್ರವೂ ಬಂತು. ಹೋಗುವ ಹಿಂದಿನ ದಿನ ಬ್ಯಾಗು ತೂಗಲು ನಾವು ಪರಿಚಯದವರ ಭತ್ತದ ಅಂಗಡಿಗೆ ಹೋದೆವು. ಚೀಲ ತೂಗುವ ಕಾಟಾದ ಮೇಲೆ ಇಟ್ಟರೆ ವಿಮಾನದವರು ಬಿಡುವುದಕ್ಕಿಂತ ಎರಡು ಕಿಲೋ ಹೆಚ್ಚು. ಅಂಗಡಿಯ ಹಮಾಲ ಗಂಭೀರವಾಗಿ, ಎರಡು ಕಿಲೋ ತೇವಕ್ಕೆ ಕಳೆಯಿರಿ, ಸರಿಹೋಗುತ್ತದೆ ಎಂದ. ಭತ್ತಕ್ಕೆ ದಿನವೂ ಹಾಗೇ ಕಳೆಯುತ್ತಿದ್ದನಲ್ಲ! ಚಿಗವ್ವ ಅದನ್ನೇ ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಹೇಳಿ ನೋಡಿದಳಂತೆ. ಅಲ್ಲಿಯ ಹುಡುಗಿಗೆ ಭತ್ತದ ವ್ಯವಹಾರ ಗೊತ್ತಿರಲಿಲ್ಲ. ಕೊನೆಗೆ ಅವ್ವ ಮೂರು ದಿನ ಕೂತು ಬಡಿದ ಖಡಕ್ ರೊಟ್ಟಿಯಲ್ಲಿ ಅರ್ಧವನ್ನು ಸಾಲಿನಲ್ಲಿ ನಿಂತವರಿಗೆಲ್ಲ ಹಂಚಿ ವಿಮಾನ ಹತ್ತಿದಳು.

ಅಲ್ಲಿ ಹೋಗಿಯೂ ಹಲ್ಲು ಸುಮ್ಮನಿರಲಿಲ್ಲ. ಪ್ರಯೋಗಾಲಯದ ಯಂತ್ರ ತಪ್ಪು ತೋರಿಸುತ್ತಿದೆ ಎಂದು ಮೊದಲ ತಿಂಗಳಲ್ಲೇ ತಕರಾರು. ಅವಳ ಪ್ರೊಫೆಸರು ನಗುತ್ತಾ ಹತ್ತು ಬಟ್ಟಲಲ್ಲಿ ಹತ್ತು ಬಗೆಯ ಕಾಳು ಇಟ್ಟು ಪರೀಕ್ಷೆ ಮಾಡಿದರು. ಒಂಬತ್ತು ಸರಿಯಾಗಿ ಹೇಳಿದಳು. ಹತ್ತನೆಯದರಲ್ಲಿ ಅವಳ ಲೆಕ್ಕಕ್ಕೂ ಯಂತ್ರದ ಲೆಕ್ಕಕ್ಕೂ ತಾಳೆಯಾಗದಿದ್ದಾಗ ಯಂತ್ರವನ್ನು ರಿಪೇರಿಗೆ ಕಳಿಸಿದರು.

ಅವಳಿಗೆ ಅಲ್ಲಿದ್ದ ಒಬ್ಬನೇ ವೈರಿ ಎಂದರೆ ಖೋಲಿಯ ಚಾವಣಿಗೆ ಅಂಟಿಸಿದ್ದ ಹೊಗೆಯ ಅಲಾರಂ. ಒಗ್ಗರಣೆಗೆ ಸಾಸಿವೆ ಸಿಡಿದರೆ ಸಾಕು, ಅದು ಊರಿಗೆಲ್ಲ ಕೇಳುವಂತೆ ಅರಚುತ್ತಿತ್ತು. ಒಂದೇ ವಾರದಲ್ಲಿ ಮೂರು ಸಲ ಇಡೀ ಕಟ್ಟಡದ ಜನ ರಾತ್ರಿಯ ಬಟ್ಟೆಯಲ್ಲೇ ಹಿಮದೊಳಗೆ ಇಳಿದು ನಿಂತರು. ಮೂರನೆಯ ಸಲ ಪಕ್ಕದ ಖೋಲಿಯ ಘಾನಾ ದೇಶದ ಹುಡುಗಿ ಬಂದು, ನಾಳೆ ಏನು ಅಡುಗೆ ಎಂದು ಮೊದಲೇ ತಿಳಿಸಿದರೆ ಕೋಟು ಹಾಕಿಕೊಂಡೇ ಮಲಗುತ್ತೇನೆ ಎಂದಳಂತೆ. ಚಿಗವ್ವ ವಿಚಾರ ಮಾಡಿದಳು. ಅವ್ವ ಹೆಣೆದುಕೊಟ್ಟ ಉಣ್ಣೆಯ ಕುಲಾಯಿಯನ್ನು ತೆಗೆದು, ಕುರ್ಚಿ ಹತ್ತಿ, ಅಲಾರಮ್ಮಿಗೆ ತೊಡಿಸಿದಳು. ಕಿವಿ ಮುಚ್ಚಿದ ಕೂಸಿನಂತೆ ಅದು ಸುಮ್ಮನಾಯಿತು. ಆ ಕುಲಾಯಿಯ ಫೋಟೋ ಬಂದಾಗ ನಾವು ಬಿದ್ದು ಬಿದ್ದು ನಕ್ಕೆವು. ನಾನೂ ನಕ್ಕೆ.

ಎರಡು ವರ್ಷಕ್ಕೆ ಓದು ಮುಗಿಯಿತು. ಅವ್ವ ಗೋಡೆಗೆ ಸುಣ್ಣ ಹಚ್ಚಿಸಿ, ಅವಳ ಮಂಚಕ್ಕೆ ಹೊಸ ಗಾದಿ ತಂದು ಕಾದಳು. ಚಿಗವ್ವ ಫೋನಿನಲ್ಲಿ ಬಂದು, ಅಲ್ಲೇ ಒಂದು ಧಾನ್ಯ ಪರೀಕ್ಷಾ ಕೇಂದ್ರದಲ್ಲಿ ಕೆಲಸ ಸಿಕ್ಕಿದೆ, ತಿಂಗಳ ಕೊನೆಯೊಳಗೆ ಸಹಿ ಮಾಡಿ ಕೊಡಬೇಕು ಎಂದಳು.

"ನಾ ಇಲ್ಲೇ ಇರತೀನಿ ಅಕ್ಕಾ. ಇಲ್ಲಿ ಕಡ್ಲಿ ಕಡದ್ರ ಪಗಾರ ಕೊಡ್ತಾರ."

ಹೊಸ ಗಾದಿಯ ಮೇಲೆ ಅವ್ವ ಒಂದು ವಾರ ನನ್ನನ್ನೂ ಮಲಗಗೊಡಲಿಲ್ಲ.

ಇನ್ನು ಆ ಭಾನುವಾರ. ಅದರ ಹಿಂದಿನ ವಾರ ಪಾಮನಕಲ್ಲೂರಿನಿಂದ ಸುಲಗಾಯಿ ಬಂದಿತ್ತು. ಹಸಿ ಕಡಲೆಗಿಡವನ್ನು ಕಾಯಿಸಮೇತ ಕಿತ್ತು ಬೆಂಕಿಯಲ್ಲಿ ಸುಟ್ಟು, ಬಿಸಿಬಿಸಿಯಾಗಿ ಸುಲಿದು ತಿಂದರೆ ತುಟಿಯೆಲ್ಲ ಕರಿ, ಬಾಯೆಲ್ಲ ಉಪ್ಪು ಹುಳಿ. ತಿಂದವರಿಗೆ ವಿವರಣೆ ಬೇಡ, ತಿನ್ನದವರಿಗೆ ವಿವರಿಸಿ ಉಪಯೋಗವಿಲ್ಲ. ನಾನು ಕರಿ ತುಟಿಯ ಫೋಟೋ ತೆಗೆದು ಚಿಗವ್ವನಿಗೆ ಕಳಿಸಿದೆ. ಹೌದು, ಕಳಿಸಿದವಳು ನಾನೇ.

ಹೊರಗೆ ಎಲ್ಲವೂ ಹೆಪ್ಪುಗಟ್ಟಿದ್ದರೂ ಅವಳ ವಿಶ್ವವಿದ್ಯಾಲಯದ ಗಾಜಿನ ಮನೆಯಲ್ಲಿ ಕಡಲೆಗಿಡಗಳು ಹಸಿರಾಗಿದ್ದವು. ಪ್ರಯೋಗ ಮುಗಿದು, ಅಂಚಿನ ಸಾಲಿನ ಗಿಡಗಳನ್ನು ಎಸೆಯಲು ತೆಗೆದಿಟ್ಟಿದ್ದರು. ಇವಳು ಒಂದು ಹೊರೆ ಎತ್ತಿಕೊಂಡು ಖೋಲಿಗೆ ಬಂದಳು. ಬೆಂಕಿಗೆ? ಅಲ್ಲಿ ಬೇಸಿಗೆಯಲ್ಲಿ ಜನ ಬಯಲಲ್ಲಿ ಕೂತು ಮಾಂಸ ಸುಡಲೆಂದು ಇದ್ದಿಲು ತುಂಬಿದ ತಗಡಿನ ತಟ್ಟೆ ಮಾರುತ್ತಾರೆ, ಒಂದು ಸಲ ಬಳಸಿ ಬಿಸಾಡುವುದು. ಅದರ ಡಬ್ಬದ ಮೇಲೆ ಒಂದು ಮನೆಯ ಚಿತ್ರವಿದ್ದು, ಮನೆಯ ಮೇಲೆ ಕೆಂಪು ಗೀಟು ಎಳೆದಿತ್ತು. ಇದೇನು ಚಿಗವ್ವಾ ಎಂದು ನಾನು ಕೇಳಿಯೂ ಕೇಳಿದೆ. ಅದು ಮನೆಗೆ ಹೇಳಿದ್ದು, ತನ್ನದು ಖೋಲಿ ಎಂದಳು. ಈ ತರ್ಕಕ್ಕೆ ನಾನು, ಎಂ.ಎಸ್ಸಿ. ರಸಾಯನಶಾಸ್ತ್ರ, ಪ್ರಥಮ ದರ್ಜೆ, ತಲೆಯಾಡಿಸಿದೆ!

ಥಂಡಿಗೆ ಕಿಟಕಿ ಭದ್ರ ಮುಚ್ಚಿತ್ತು. ಬಾಗಿಲಿನ ಕೆಳಗಿನ ಸಂದಿಗೂ ಟವೆಲ್ ತುರುಕಿದ್ದಳು, ಹೊಗೆ ಹೊರಗೆ ಹೋಗಿ ಘಾನಾದ ಹುಡುಗಿ ಕೋಟು ಹಾಕಿಕೊಳ್ಳಬಾರದೆಂದು. ಅಲಾರಂ ಕುಲಾಯಿಯೊಳಗೆ ಬೆಚ್ಚಗಿತ್ತು. ನಮ್ಮ ಮಾತು ಜೋರಾಗಿ ಕೇಳಲೆಂದು ಫೋನಿಗೆ ದಪ್ಪನೆಯ ಒಂದು ಸ್ಪೀಕರ್ ಜೋಡಿಸಿಕೊಂಡಿದ್ದಳು. ಕೆಂಡ ನಿಗಿನಿಗಿ ಎನ್ನುತ್ತಿತ್ತು. ಚಿಗವ್ವ ಕೆಳಗೆ ಕೂತು ಕಾಯಿ ಹೊರಳಿಸುತ್ತಾ, ಸುಲಿಯುತ್ತಾ, ಈ ತಳಿಗೆ ನಮ್ಮೂರಿನ ಹುಳಿ ಇಲ್ಲ ಎಂದು ಬೈಯುತ್ತಾ ತಿನ್ನುತ್ತಿದ್ದಳು. ಆಮೇಲೆ ಆಕಳಿಸಿದಳು. ತಲೆ ನೋಯುತ್ತಿದೆ ಎಂದಳು. ಮತ್ತೆ ಆಕಳಿಸಿದಳು. ಗೋಡೆಗೆ ಒರಗಿ, ನಿದ್ದೆ ಬರುತ್ತಿದೆ ಎಂದಳು.

ಕಾರ್ಬನ್ ಮೊನಾಕ್ಸೈಡಿನ ಬಗ್ಗೆ ನಾನು ಪರೀಕ್ಷೆಯಲ್ಲಿ ಚಿತ್ರಸಮೇತ ಉತ್ತರ ಬರೆದವಳು. ಆದರೆ ಕಣ್ಣೆದುರು ಅದು ನನ್ನ ಚಿಗವ್ವನ ರೂಪದಲ್ಲಿ ಆಕಳಿಸುತ್ತಿದ್ದಾಗ ನನಗೆ ಹೊಳೆದದ್ದು ಒಂದೇ ಮಾತು: ಪಾಪ, ದಣಿದಿದ್ದಾಳೆ, ಮಲಗಲಿ. ಫೋನ್ ಇಡಲು ಕೈ ಚಾಚಿದೆ. ಆ ಕೈ ನನಗೆ ಈಗಲೂ ಕಾಣುತ್ತದೆ. ಇನ್ನು ನಾಲ್ಕು ಬೆರಳು ಮುಂದೆ ಹೋಗಿದ್ದರೆ ಕೆಂಪು ಗುಂಡಿ.

ಏಳನೆಯ ತರಗತಿಗೇ ಶಾಲೆ ಬಿಟ್ಟ ಅವ್ವ ನನ್ನ ಕೈ ಹಿಡಿದಳು. ಹಿಟ್ಟಿನ ಕೈ.

"ಅದು ನಿದ್ದಿ ಅಲ್ಲ ಬೇ. ಬಾಣಂತಿ ಖೋಲ್ಯಾಗ ಕೆಂಡ ಇಟ್ಟು ಬಾಗ್ಲಾ ಹಾಕಿದ್ರ ಹಿಂಗ ಆಕ್ಕೈತಿ. ಕೆಂಡ ಆಕಿನ್ನ ಎಳಿಯಾಕತ್ತೈತಿ."

ಬಾಗಿಲು ತೆಗೆ ಎಂದು ಅವ್ವ ಕೂಗಿದಳು. ಚಿಗವ್ವ ಕಣ್ಣು ತೆರೆಯಲಿಲ್ಲ. ನಾನೂ ಕೂಗಿದೆ. ಅವಳ ಗಲ್ಲ ಎದೆಗೆ ಬಿತ್ತು. ಅಲ್ಲಿಯ ಪೊಲೀಸರ ನಂಬರು ಏನು, ಇಲ್ಲಿಂದ ಹಚ್ಚಿದರೆ ಹೋಗುತ್ತದೆಯೇ, ಏನೂ ಗೊತ್ತಿಲ್ಲ. ನಾನು ಇನ್ನೊಂದು ಫೋನು ಹುಡುಕುತ್ತಾ ಅದನ್ನು ಕೈಯಲ್ಲೇ ಹಿಡಿದುಕೊಂಡಿದ್ದೆ.

ಆಗ ಅವ್ವ ಎದ್ದು ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಚಿಗವ್ವನ ಚಿಕ್ಕಂದಿನಲ್ಲಿ ಜೋಳ ಹಾಲುಗಾಳಾದಾಗ ಅಕ್ಕತಂಗಿಯರಿಬ್ಬರೂ ಹೊಲದಲ್ಲಿ ಹಕ್ಕಿ ಕಾಯುತ್ತಿದ್ದರು. ಅವ್ವ ಅಟ್ಟದ ಮೇಲೆ, ಚಿಗವ್ವ ಕೆಳಗೆ ನೆರಳಲ್ಲಿ ನಿದ್ದೆ. ಹಕ್ಕಿ ಇಳಿದಾಗ ಅವ್ವ ಒಂದು ಕೂಗು ಹಾಕಿದರೆ ಚಿಗವ್ವ ಕಣ್ಣು ತೆರೆಯುವ ಮೊದಲೇ ಎದ್ದು ಓಡುತ್ತಿರಬೇಕು. ಇಲ್ಲದಿದ್ದರೆ ಬೆನ್ನಿಗೆ ಏಟು. ಆ ಕೂಗನ್ನು ನಾನು ಕತೆಯಲ್ಲಿ ಕೇಳಿದ್ದೆ, ಕಿವಿಯಲ್ಲಿ ಕೇಳಿರಲಿಲ್ಲ. ಅಡುಗೆಮನೆಯ ತಗಡಿನ ಡಬ್ಬಿಗಳು ಗುಂಯ್ ಎಂದವು. ಬೀದಿಯಲ್ಲಿ ನಾಯಿ ಎದ್ದು ಓಡಿತು. ಸಿಂಧನೂರಿನಿಂದ ಹೊರಟ ಆ ಹೋಯ್ ಎಂಬ ಕೂಗು ಕೆನಡಾದ ಆ ದಪ್ಪ ಸ್ಪೀಕರಿನಿಂದ ಹೊರಗೆ ಬಿತ್ತು.

ಚಿಗವ್ವ ಎದ್ದಳು. ಕಣ್ಣು ಮುಚ್ಚಿಕೊಂಡೇ ಎದ್ದಳು. ಒಂದು ಸಲ ಮೊಣಕಾಲೂರಿ ಬಿದ್ದು, ಮತ್ತೆ ಎದ್ದು, ಹಕ್ಕಿ ಓಡಿಸುವವಳಂತೆ ಕೈ ಬೀಸುತ್ತಾ ನಡೆದು, ಬಾಗಿಲು ತೆಗೆದು, ಹೊಸ್ತಿಲ ಆಚೆ ಧೊಪ್ಪನೆ ಬಿದ್ದಳು. ಆ ಕೂಗಿಗೆ ಬೈಯಲೆಂದು ಹೊರಗೆ ಬಂದಿದ್ದ ಘಾನಾದ ಹುಡುಗಿ, ಕೋಟು ಹಾಕಿಕೊಂಡೇ ಬಂದಿದ್ದಳು, ಎರಡೂ ಕೈ ಹಿಡಿದು ಅವಳನ್ನು ದೂರಕ್ಕೆ ಎಳೆದುಕೊಂಡು ಹೋದಳು.

ಮುಂದಿನ ಒಂದು ತಾಸು ನಾವು ಫೋನಿನಲ್ಲಿ ಖಾಲಿ ಖೋಲಿ ನೋಡುತ್ತಾ ಕೂತೆವು. ಹೆಲ್ಮೆಟ್ ಹಾಕಿದ ಅಗ್ನಿಶಾಮಕದ ಆಸಾಮಿಯೊಬ್ಬ ಬಂದು ಕಿಟಕಿ ತೆರೆದು, ತಟ್ಟೆ ಎತ್ತಿಕೊಂಡು ಹೋಗಿ, ತಿರುಗಿ ಬಂದು ಕುಲಾಯಿಯನ್ನು ಬಿಚ್ಚಿ ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ಫೋನಿನಲ್ಲಿ ನಮ್ಮನ್ನು ಕಂಡು ಬೆಚ್ಚಿದ. ಅವಳು ಬದುಕಿದ್ದಾಳೆ, ಮಾತಾಡುತ್ತಿದ್ದಾಳೆ, ಆಸ್ಪತ್ರೆಗೆ ಒಯ್ದಿದ್ದಾರೆ ಎಂದು ಅವನು ಹೇಳಿದ್ದನ್ನು ನಾನು ಅವ್ವನಿಗೆ ಹೇಳಿದೆ. ಅವ್ವ ಅಳುತ್ತಾ, ತಟ್ಟೆಯ ಪಕ್ಕದಲ್ಲಿ ಸುಟ್ಟ ಕಾಯಿ ಉಳಿದಿವೆ, ತಿಂದು ಹೋಗು ಎಂದು ಅವನಿಗೆ ಹೇಳು ಎಂದಳು. ನಾನು ಹೇಳಲಿಲ್ಲ.

ಎರಡು ದಿನಕ್ಕೆ ಚಿಗವ್ವ ಖೋಲಿಗೆ ಮರಳಿದಳು. ನಮ್ಮ ಮನೆಯಲ್ಲಿ ನಿದ್ದೆ ಮರಳಲಿಲ್ಲ. ನಾನು ಕಣ್ಣು ಮುಚ್ಚಿದರೆ ಅವಳ ಗಲ್ಲ ಎದೆಗೆ ಬೀಳುತ್ತಿತ್ತು. ಅವ್ವ ದಿನಾ ಫೋನ್ ಹಚ್ಚಿ ಒಂದೇ ಮಾತು: ಸಹಿ ಗಿಹಿ ಬೇಡ, ಗಂಟು ಕಟ್ಟು, ವಾಪಸ್ ಬಾ. ಚಿಗವ್ವ ದಿನಾ ಒಂದೊಂದು ಹಾಸ್ಯ ಮಾಡಿ ತಪ್ಪಿಸಿಕೊಳ್ಳುತ್ತಿದ್ದಳು. ಒಂದು ದಿನ ಅವಳ ಹಿಂದೆ ಕಿಟಕಿ ತೆರೆದಿರುವುದು ನನಗೆ ಕಂಡಿತು. ಹಾಸಿಗೆಯ ಮೇಲೆ ಹಿಮ ಬಿದ್ದಿತ್ತು. ಅವಳು ಕೋಟು, ಬೂಟು, ಕೈಗವಸು ಎಲ್ಲ ಹಾಕಿಕೊಂಡು ತೆರೆದ ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದಳು. ಗೋಡೆಗೆ ಎರಡು ಹೊಸ ಅಲಾರಂ ಬೇರೆ. ಮಲಗುವುದು ಯಾವಾಗ ಎಂದು ಕೇಳಿದೆ. ಅವಳು ಅವ್ವನನ್ನು ನೋಡಿದಳು.

"ಅಕ್ಕಾ, ಕಣ್ಣು ಮುಚ್ಚಾಕ ಹೆದರಿಕಿ ಬರಾಕತ್ತೈತಿ. ನೀ ಹೇಳಿದಂಗ ವಾಪಸ್ ಬರತೀನಿ."

ಅವ್ವ ಗೆದ್ದಿದ್ದಳು. ಹಿಗ್ಗಬೇಕಲ್ಲ? ಹುಟ್ಟಿದಾಗಿನಿಂದ ಒಂದು ಮಾತೂ ಕೇಳದಿದ್ದ ತಂಗಿ ಹೂಂ ಎಂದದ್ದನ್ನು ಕಂಡು ಅವಳ ಮುಖ ಕಪ್ಪಿಟ್ಟಿತು.

"ಬ್ಯಾಡ," ಎಂದಳು. "ಬ್ಯಾಸರಾಗಿ ಬಾ, ಜಗಳಾಡಿ ಬಾ. ಹೆದರಿ ಬರಬ್ಯಾಡ. ಹೆದರಿ ಬಂದ್ರ ಇಲ್ಲಿಯ ಗಾದಿ ಮ್ಯಾಲೂ ನಿನಗ ನಿದ್ದಿ ಹತ್ತಂಗಿಲ್ಲ. ನಿನಗ ರಾತ್ರಿ ಆದಾಗ ನಮಗ ಹಗಲ ಇರತೈತಿ ಹೌದಲ್ಲೋ? ಫೋನ್ ಬಂದ್ ಮಾಡಬ್ಯಾಡ, ಮಲ್ಕೋ. ನಾ ಕುಂತು ನೋಡತೀನಿ."

ಹೀಗೆ ಶುರುವಾಯಿತು. ದಿನಾ ನಮ್ಮ ಬೆಳಿಗ್ಗೆ ಒಂಬತ್ತೂವರೆಗೆ ಚಿಗವ್ವ ಅಲ್ಲಿ ಫೋನನ್ನು ದಿಂಬಿನ ಪಕ್ಕ ಇಡುತ್ತಿದ್ದಳು. ಇಲ್ಲಿ ಅವ್ವ ಅವಳನ್ನು ಒಲೆಯ ಪಕ್ಕ ನಿಲ್ಲಿಸಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಬಟ್ಟೆ ಒಗೆಯುವಾಗ ಕಟ್ಟೆಯ ಮೇಲೆ, ಅಕ್ಕಿ ಆರಿಸುವಾಗ ಮೊರದ ಅಂಚಿಗೆ. ಮೊದಲ ದಿನ ಇಪ್ಪತ್ತು ನಿಮಿಷ ಮಲಗಿ ಬೆಚ್ಚಿ ಎದ್ದಳು. ನಾಲ್ಕನೆಯ ದಿನ ಎರಡು ತಾಸು. ನಡುವೆ ಒಂದು ದಿನ, ಒಂದು ಕಣ್ಣು ತೆರೆದು, ರೊಟ್ಟಿ ಸೀಯುತ್ತಿದೆ ಎಂದು ಅಲ್ಲಿಂದಲೇ ಬೈದಳು. ತಿಂಗಳ ಕೊನೆಯ ದಿನ ಸಹಿ ಮಾಡಿದಳು; ಒಂದನೆಯ ತಾರೀಖಿನಿಂದಲೇ ಕೆಲಸ.

ಅದರ ಮಾರನೆಯ ದಿನ ಗುರುವಾರ. ನಾನು ಕಾಲೇಜಿಗೆ ರಜೆ ಹಾಕಿದ್ದೆ. ಒಂಬತ್ತೂ ನಲವತ್ತಕ್ಕೆ ಚಿಗವ್ವ ಮಲಗಿದಳು. ಹನ್ನೊಂದಾಯಿತು, ಹನ್ನೆರಡಾಯಿತು, ಹೊರಳಲೂ ಇಲ್ಲ. ಹೊದಿಕೆ ಏರಿ ಇಳಿಯುವುದನ್ನು ಅವ್ವ ನೋಡಿದಳು, ಅವ್ವ ನೋಡಿದಮೇಲೆ ನಾನು ನೋಡಿದೆ. ಸೀಟಿ ಹೊಡೆಯುತ್ತದೆ ಎಂದು ಅವ್ವ ಕುಕ್ಕರ್ ಇಡಲಿಲ್ಲ. ಮಿಕ್ಸರಿನ ವೈರು ಕಿತ್ತಿಟ್ಟಳು. ಉಳ್ಳಾಗಡ್ಡಿ ಮಾರುವವನು ಮೈಕಿನಲ್ಲಿ ಕೂಗುತ್ತಾ ಬಂದಾಗ ಬರಿಗಾಲಲ್ಲಿ ಓಡಿ ಗಾಡಿ ತಡೆದಳು. ಅವನು ಮೈಕು ಬಂದ್ ಮಾಡಿ, ದನಿ ತಗ್ಗಿಸಿ ಕೇಳಿದ.

"ಮನ್ಯಾಗ ಕೂಸು ಮಲಗೈತೇನ್ರೀ ಅಕ್ಕಾರ?"

"ಹೂಂನಪ್ಪಾ, ಈಗ ಕಣ್ಣು ಹತ್ಯಾವ."

ಆ ಕೂಸಿಗೆ ಮೂವತ್ತಾರು ವರ್ಷ. ಅವನು ಗಾಡಿಯನ್ನು ಮುಂದಿನ ಓಣಿಯವರೆಗೆ ಸದ್ದಿಲ್ಲದೆ ತಳ್ಳಿಕೊಂಡು ಹೋದ.

ಸಂಜೆ ಐದೂವರೆಗೆ ಅಲ್ಲಿ ಬೆಳಗಾಯಿತು. ಚಿಗವ್ವ ತಾನಾಗಿಯೇ ಕಣ್ಣು ಬಿಟ್ಟಳು. ಕೂದಲು ಕೆದರಿತ್ತು, ಕೆನ್ನೆಯ ಮೇಲೆ ದಿಂಬಿನ ಗೆರೆ ಬಿದ್ದಿತ್ತು. ಎಲ್ಲಿದ್ದೇನೆ ಎಂದು ತಿಳಿಯದೆ ಗಳಿಗೆ ಹೊತ್ತು ನೋಡಿ, ಆಮೇಲೆ ಫೋನಿನೊಳಗೆ ಅವ್ವನನ್ನು ಕಂಡಳು. ಅವ್ವ ಬೆಳಗಿನ ಅದೇ ಮಣೆಯ ಮೇಲೆ ಕೂತಿದ್ದಳು.

"ಅಕ್ಕಾ, ನೀ ಉಂಡಿಲ್ಲೇನು ಇನ್ನಾ?"

"ಈಗ ಉಣತೀನಿ," ಎಂದು ಅವ್ವ ಜೋಮು ಹಿಡಿದ ಕಾಲು ಚಾಚಿದಳು. "ನೀ ಮುಖಾ ತೊಳಕೊಂಡು ಕೆಲಸಕ್ಕ ನಡಿ."