ತಿಂಗಳು ತುಂಬಿದ ಹುಗ್ಗಿ

ಡಿಸೆಂಬರ್ ಇಪ್ಪತ್ತೈದರಂದು ಅತಿಥಿಗೃಹದಲ್ಲಿ ತಂಗುವ ತಪಾಸಣಾಧಿಕಾರಿಗೆ ಮಧ್ಯಾಹ್ನದ ಊಟದ ಕೊನೆಗೆ ಕ್ರಿಸ್‌ಮಸ್ ಪುಡಿಂಗ್ ಬಡಿಸತಕ್ಕದ್ದು. ಇದು ತ್ರಿತಾಲೂಕು ಕ್ಷೇಮಾಭಿವೃದ್ಧಿ ಮಂಡಳಿಯ ಆತಿಥ್ಯ ನಿಯಮಾವಳಿಯಲ್ಲಿ ಹದಿನಾಲ್ಕನೆಯ ನಿಯಮ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಈ ಮೂರು ತಾಲೂಕುಗಳ ಕ್ಷೇಮ ನೋಡಿಕೊಳ್ಳುತ್ತಿದ್ದ ಆ ಮಂಡಳಿಯಲ್ಲಿ ನಾನು ಮೂವತ್ತೊಂದು ವರ್ಷ ಇದ್ದು, ಸುಪರಿಂಟೆಂಡೆಂಟನಾಗಿ ನಿವೃತ್ತನಾದವನು. ಹೀಗಾಗಿ ಅಧಿಕಾರಯುತವಾಗಿ ಹೇಳಬಲ್ಲೆ. ನಿಯಮವನ್ನು ಬ್ರಿಟಿಷರು ಬರೆದಿಟ್ಟು ಹೋಗಿದ್ದರು. ಸ್ವಾತಂತ್ರ್ಯ ಬಂದ ಮೇಲೆ ನಾವು ಅದನ್ನು ಕನ್ನಡಕ್ಕೆ ಇಳಿಸಿ, ದೇಶಾಭಿಮಾನದಿಂದ ಹಾಗೆಯೇ ಉಳಿಸಿಕೊಂಡೆವು. ಮುಂದೆ ನಲವತ್ತು ವರ್ಷ ಆ ತಾರೀಖಿಗೆ ಯಾವ ಅಧಿಕಾರಿಯೂ ಬಂದು ತಂಗಲಿಲ್ಲವಾದ್ದರಿಂದ ಆ ನಿಯಮ ಒಮ್ಮೆಯೂ ಉಲ್ಲಂಘನೆಯಾಗಲಿಲ್ಲ. ನಮ್ಮಲ್ಲಿ ಇಂಥ ಕೀರ್ತಿ ಇದ್ದದ್ದು ಅದೊಂದೇ ನಿಯಮಕ್ಕೆ.

1987ರ ಅಕ್ಟೋಬರದಲ್ಲಿ ಬೆಂಗಳೂರಿನಿಂದ ಪತ್ರ ಬಂತು. ವಿಶೇಷ ತಪಾಸಣಾಧಿಕಾರಿ ಶ್ರೀ ಸ್ಯಾಮ್ಯುವೆಲ್ ಹೊಸಮನಿಯವರು ಡಿಸೆಂಬರ್ ಇಪ್ಪತ್ತೈದರಂದೇ ರಾಣೇಬೆನ್ನೂರಿಗೆ ದಯಮಾಡಿಸುವವರಿದ್ದರು. ರಜೆಯ ದಿನ ತಪಾಸಣೆ ಇಡುವುದು ಆಗಿನ ಒಳ್ಳೆಯ ಪದ್ಧತಿ. ಕಚೇರಿ ಮುಚ್ಚಿರುತ್ತದೆ, ಕಪಾಟುಗಳಿಗೆ ಬೀಗ ಬಿದ್ದಿರುತ್ತದೆ, ಯಾವ ದೋಷವೂ ಕಣ್ಣಿಗೆ ಬೀಳುವುದಿಲ್ಲ.

ಪತ್ರದ ಸುದ್ದಿ ಕೇಳಿ ನಡುಗಿದವನು ಒಬ್ಬನೇ: ಅತಿಥಿಗೃಹದ ಅಡುಗೆಯವ ಮೌಲಾಸಾಬ. ಇಪ್ಪತ್ತೆರಡು ವರ್ಷದಿಂದ ಆತ ಅಲ್ಲಿ ದಿನಗೂಲಿ. ಕಾಯಂ ಆಗಬೇಕಾದರೆ ನಿಯಮಾವಳಿಯಲ್ಲಿ ಹೆಸರಿಸಿದ ಪ್ರತಿಯೊಂದು ಪದಾರ್ಥವನ್ನೂ ಮಾಡಿ ಬಡಿಸಿ, ಒಂದೊಂದಕ್ಕೂ ತಪಾಸಣಾಧಿಕಾರಿಯ ತೃಪ್ತಿಪತ್ರ ಪಡೆಯಬೇಕು. ಸೂಪು, ಕಟ್ಲೆಟ್ಟು, ಕೋಳಿ ಸಾರು ಅಂತ ಇಪ್ಪತ್ತಾರು ಪತ್ರ ಗಳಿಸಿಕೊಂಡಿದ್ದ. ಉಳಿದದ್ದು ಪುಡಿಂಗ್ ಒಂದೇ. ಬರುವ ಫೆಬ್ರುವರಿ ಕೊನೆಗೆ ಆತನಿಗೆ ನಿವೃತ್ತಿಯ ವಯಸ್ಸು, ಐವತ್ತೆಂಟು, ತುಂಬುತ್ತಿತ್ತು. ಅಷ್ಟರೊಳಗೆ ಆದರೆ ಆಯಿತು, ಇಲ್ಲವಾದರೆ ಇಲ್ಲ.

"ಸಾಹೇಬ್ರ, ಈ ಸಲ ತಪ್ತಂದ್ರ ಮುಂದ ಯಾವ ಪುಣ್ಯಾತ್ಮ ಹಬ್ಬದ ದಿವಸ ತಪಾಸಣಿಗೆ ಬರ್ತಾನ್ರಿ?" ಅಂದ. "ಹಸೀನಾಬಿ ದಿನಾ ಕೇಳ್ತಾಳ, ಆರ್ಡರ್ ಬಂತೇನು ಅಂತ. ಇಪ್ಪತ್ತೆರಡು ವರ್ಷದಾಗ ಗಂಡ ಹೆಂಡ್ತಿ ಬ್ಯಾರೇ ಮಾತಽ ಆಡಿಲ್ಲ ನಾವು."

"ಅದಿರ್ಲಿ. ಪುಡಿಂಗ್ ಹೆಂಗ ಮಾಡ್ತಾರ, ಗೊತ್ತೈತೇನು?"

"ನಮ್ಮಪ್ಪ ಬ್ರಿಟಿಷ್ ಸಾಹೇಬ್ರಿಗೆ ಮಾಡ್ತಿದ್ದ್ರಿ. ಒಣದ್ರಾಕ್ಷಿ, ಬ್ರೆಡ್ಡಿನ ಪುಡಿ, ತತ್ತಿ, ದನದ ಚರಬಿ ಎಲ್ಲಾ ಕಲಸಿ ಅರಿವ್ಯಾಗ ದುಂಡಗ ಕಟ್ಟಿ ಎಂಟು ತಾಸು ಕುದಸೂದು. ಒಂದು ತಿಂಗಳ ಹಂಗಽ ಇಡೂದು. ಕಡೀಕ ಮ್ಯಾಲೆ ಬ್ರಾಂದಿ ಸುರುವಿ ಉರಿ ಹಚ್ಚೂದು."

"ಉರಿ ಹಚ್ಚೂದು?"

"ಹೌದ್ರಿ. ಉರಿ ಹಚ್ಚಿಕೊಂಡಽ ಒಳಗ ತರೂದು. ಬ್ರಾಂದಿ ಬಾಟ್ಲಿ ಮಾತ್ರ ನಾ ಮುಟ್ಟೂದಿಲ್ರಿ, ಈಗಽ ಹೇಳಿಬಿಡ್ತೇನಿ."

ನನಗಾದ ಸಂತೋಷ ಹೇಳತೀರದು. ಚರಬಿ, ತತ್ತಿ, ಮದ್ಯ, ಬೆಂಕಿ: ಒಂದೇ ತಟ್ಟೆಯಲ್ಲಿ ನಾಲ್ಕು ಪ್ರತ್ಯೇಕ ಕಡತಗಳಾಗುವಷ್ಟು ವಿಷಯ ನನ್ನ ಇಡೀ ಸೇವಾವಧಿಯಲ್ಲಿ ಬಂದಿರಲಿಲ್ಲ. ವಾರದೊಳಗೆ ಮಂಡಳಿಯು 'ಪುಡಿಂಗ್ ಪರ್ಯಾಯ ಸಿಹಿ ಪದಾರ್ಥ ಆಯ್ಕೆ ಸಮಿತಿ'ಯನ್ನು ರಚಿಸಿತು. ತಾಲೂಕಿಗೊಬ್ಬ ಸದಸ್ಯ. ಬ್ಯಾಡಗಿಯಿಂದ ಮೆಣಸಿನಕಾಯಿ ವ್ಯಾಪಾರಿ ಪ್ರಭುಲಿಂಗಪ್ಪ, ಹಾವೇರಿ ತಾಲೂಕಿನಿಂದ ಕರ್ಜಗಿಯ ಜಮೀನುದಾರ ಗುಡದಪ್ಪ, ರಾಣೇಬೆನ್ನೂರಿನಿಂದ ಬೀಜದ ಅಂಗಡಿಯ ಮಹಮ್ಮದಗೌಸ. ಈ ಕೊನೆಯವರಿಗೆ ಮೇಡ್ಲೇರಿಯಲ್ಲಿ ನೀರಾವರಿ ಗದ್ದೆಯೂ ಇತ್ತು, ಊಟದ ಬಗ್ಗೆ ಖಚಿತ ಅಭಿಪ್ರಾಯವೂ ಇತ್ತು. ಕಾರ್ಯದರ್ಶಿ ನಾನು.

ಮೊದಲ ಸಭೆಯಲ್ಲಿ ಪ್ರಭುಲಿಂಗಪ್ಪ ಎದ್ದು ನಿಂತರು. "ಚರಬಿ ತಗೀರಿ, ತತ್ತಿ ತಗೀರಿ, ಬ್ರಾಂದಿ ತಗೀರಿ. ಉಳಿದದ್ದಕ್ಕ ನಮ್ಮ ಒಪ್ಪಿಗಿ ಐತಿ."

"ಉಳಿದದ್ದು ದ್ರಾಕ್ಷಿ, ಬ್ರೆಡ್ಡಿನ ಪುಡಿ, ಬೆಂಕಿ ಇಷ್ಟಽ, ಪ್ರಭಣ್ಣ," ಅಂದರು ಮಹಮ್ಮದಗೌಸ.

ಆದ್ದರಿಂದ ಬೇರೆ ಸಿಹಿಯನ್ನು ಹುಡುಕುವುದೆಂದು ತೀರ್ಮಾನವಾಯಿತು. ಗುಡದಪ್ಪ ಗೋಧಿ ಹುಗ್ಗಿ ಸೂಚಿಸಿದರು, ಮಹಮ್ಮದಗೌಸ ಶಾವಿಗೆಯ ಶೀರಖುರ್ಮಾ, ಪ್ರಭುಲಿಂಗಪ್ಪ ಶೇಂಗಾ ಹೋಳಿಗೆ. ಮೌಲಾಸಾಬ ಮೂರನ್ನೂ ಮಾಡಿ ತಂದ. ಆ ದಿನದ ನಡಾವಳಿಯನ್ನು ನಾನೇ ಬರೆದದ್ದು, ಈಗಲೂ ಬಾಯಿಪಾಠ: "ಮಾದರಿಗಳು ಪರೀಕ್ಷೆಯ ಅವಧಿಯಲ್ಲಿಯೇ ಮುಗಿದುಹೋದ ಪ್ರಯುಕ್ತ, ಒಂದಕ್ಕೊಂದು ಹೋಲಿಸಿ ನೋಡಲು ಏನೂ ಉಳಿಯದ ಕಾರಣ, ನಿರ್ಣಯವನ್ನು ಮುಂದಿನ ಸಭೆಗೆ ಮುಂದೂಡಲಾಗಿದೆ."

ಮುಂದಿನ ಸಭೆಯಲ್ಲಿಯೂ ಅದೇ ತಾಂತ್ರಿಕ ತೊಂದರೆ ಎದುರಾಯಿತು. ವಾರಕ್ಕೆ ಎರಡರಂತೆ ಒಂಬತ್ತು ಸಭೆ ನಡೆದವು. ನಾಲ್ಕನೆಯ ಸಭೆಗೆ ಸದಸ್ಯರ ಮನೆಯ ಹೆಣ್ಣುಮಕ್ಕಳನ್ನು ರುಚಿ ತಜ್ಞರೆಂದು ಆಹ್ವಾನಿಸಲಾಯಿತು. ಆರನೆಯದಕ್ಕೆ, ಬರಲಾಗದ ತಜ್ಞರ ಅಭಿಪ್ರಾಯ ಪಡೆಯಲು ಟಿಫಿನ್ ಕ್ಯಾರಿಯರ್‌ಗಳು ಬಂದವು. ಇಡೀ ನವೆಂಬರ್ ತಿಂಗಳು ಮೌಲಾಸಾಬ ಹೋಳಿಗೆ ಬಡಿಯುತ್ತ, ಹುಗ್ಗಿ ತಿರುವುತ್ತ ಕಳೆದ. ಆಗಾಗ ಬಾಗಿಲಲ್ಲಿ ನಿಂತು, "ಯಾವುದು ಪಾಸಾತ್ರಿ?" ಅಂತ ಕೇಳುತ್ತಿದ್ದ. "ಎಲ್ಲಾ ಭಾಳ ಚಲೋ ಆಗೇವು, ಅದಽ ಅಡಚಣಿ," ಅನ್ನುತ್ತಿದ್ದರು ಗುಡದಪ್ಪ, ಕೈ ಒರೆಸಿಕೊಳ್ಳುತ್ತ.

ನವೆಂಬರ್ ಇಪ್ಪತ್ನಾಲ್ಕರಂದು ನಿರ್ಣಯವಾಗಲೇಬೇಕಾಯಿತು. ಪುಡಿಂಗಿನ ಬಣ್ಣ ಕಪ್ಪು ಮಿಶ್ರಿತ ಕಂದು. ಬೆಲ್ಲದ ಹುಗ್ಗಿಯೇ ಅದಕ್ಕೆ ಸಮೀಪ. ಉಳಿದಿಬ್ಬರ ಮುಖ ಸಪ್ಪಗಾದದ್ದು ಕಂಡು ಪ್ರಾದೇಶಿಕ ಸಮತೋಲನದ ದೃಷ್ಟಿಯಿಂದ ಹುಗ್ಗಿಯಲ್ಲಿ ರಾಣೇಬೆನ್ನೂರಿನ ಪರವಾಗಿ ಒಂದು ಹಿಡಿ ಶಾವಿಗೆ, ಬ್ಯಾಡಗಿಯ ಪರವಾಗಿ ಒಂದು ಚಮಚ ಮೆಣಸಿನಪುಡಿ ಸೇರಿಸಲು ಒಪ್ಪಲಾಯಿತು.

"ಹುಗ್ಗ್ಯಾಗ ಖಾರ?" ಅಂದ ಮೌಲಾಸಾಬ.

"ಖಾರ ಎಲ್ಲಿದು ತಮ್ಮಾ? ಬ್ಯಾಡಗಿ ಮೆಣಸಿನಕಾಯಿ ಅಂದ್ರ ಬಣ್ಣ," ಅಂದರು ಪ್ರಭುಲಿಂಗಪ್ಪ. "ಎರಡು ಚಮಚ ಹಾಕಿದ್ರೂ ತಪ್ಪಿಲ್ಲ. ಸಾಹೇಬರ ಹಬ್ಬಕ್ಕ ಕೆಂಪು ಬೇಕಽ ಬೇಕು."

ಅಂದೇ ಪ್ರಕಟಣೆ ಹೊರಡಿಸಿದೆ. "ಪರ್ಯಾಯ ಪದಾರ್ಥವು ಮೂಲ ಪದಾರ್ಥದ ಸಕಲ ಗುಣಲಕ್ಷಣಗಳನ್ನು ಹೊಂದಿರತಕ್ಕದ್ದು. ಅರ್ಥಾತ್, ಹುಗ್ಗಿಯು ದುಂಡಗಿರತಕ್ಕದ್ದು. ಅರಿವೆಯಲ್ಲಿ ಕಟ್ಟಿರತಕ್ಕದ್ದು. ಬಡಿಸುವ ದಿನಾಂಕಕ್ಕೆ ಸರಿಯಾಗಿ ಒಂದು ತಿಂಗಳು ಮೊದಲು ಸಿದ್ಧವಾಗಿ, ಅರಗಿನ ಮುದ್ರೆಯೊಳಗೆ ಇರತಕ್ಕದ್ದು. ಬಡಿಸುವಾಗ ಉರಿಯತಕ್ಕದ್ದು; ಬ್ರಾಂದಿಯ ಬದಲು ಕರ್ಪೂರ ಬಳಸತಕ್ಕದ್ದು."

ಮೌಲಾಸಾಬ ಪ್ರಕಟಣೆಯನ್ನು ಎರಡು ಸಲ ಓದಿಸಿಕೊಂಡು ಕೇಳಿದ. "ಸಾಹೇಬ್ರ, ಹುಗ್ಗಿ ಮೂರನೇ ದಿನಕ್ಕ ಹುಳಿ ಬಡಿತೈತ್ರಿ."

"ತಿಂಗಳ ಇಡ್ತಿದ್ರು ಅಂತ ಹೇಳಿದವ ಯಾರು?"

"ನಾನಽ ರಿ. ಅದು ಪುಡಿಂಗ್ ರಿ."

"ಇದೂ ಪುಡಿಂಗಽ. ಸಮಿತಿ ಠರಾವು ಆಗೇತಿ."

ಆತ ತಲೆಯಾಡಿಸಿ ಗೋಧಿ ನೆನೆಹಾಕಲು ಹೋದ. ಕಾಯಂ ಆಗುವವನಿಗೆ ಇರಬೇಕಾದ ಮುಖ್ಯ ಅರ್ಹತೆ ಆತನಲ್ಲಿದೆ ಎಂದು ನನಗೆ ಅಂದೇ ಮನವರಿಕೆಯಾಯಿತು.

ಮರುದಿನ ಹುಗ್ಗಿಯನ್ನು ಗಟ್ಟಿಯಾಗಿ ಬೇಯಿಸಿ, ಅರಿವೆಯಲ್ಲಿ ಕಟ್ಟಿ, ಹಿತ್ತಾಳೆ ಡಬರಿಯಲ್ಲಿಟ್ಟು, ಮೂವರು ಸದಸ್ಯರ ಸಮಕ್ಷಮ ಅರಗು ಹಚ್ಚಿ, ಕಚೇರಿಯ ಕಬ್ಬಿಣದ ಕಪಾಟಿನಲ್ಲಿ ಭದ್ರಪಡಿಸಲಾಯಿತು. ಮೊದಲ ವಾರ ವಿಶೇಷವೇನಿಲ್ಲ. ಎರಡನೆಯ ವಾರ ಕಪಾಟಿನೊಳಗಿಂದ ಗುಳುಗುಳು ಸಪ್ಪಳ ಕೇಳತೊಡಗಿತು. ಮೂರನೆಯ ವಾರ ಕಪಾಟಿನ ಪಕ್ಕದ ಗುಮಾಸ್ತ ವರ್ಗಾವಣೆಗೆ ಅರ್ಜಿ ಹಾಕಿದ. ನಾನು ದಾಖಲೆಯಲ್ಲಿ "ಪಕ್ವತೆ ತೃಪ್ತಿಕರ" ಎಂದು ನಮೂದಿಸಿದೆ. ಪ್ರಭುಲಿಂಗಪ್ಪ ಒಮ್ಮೆ ಬಂದವರು ಕಪಾಟಿಗೆ ಮೂಗು ಹಚ್ಚಿ, "ಏನ್ರಿ ಇದು, ಖರೇ ಬ್ರಾಂದಿ ವಾಸನಿ!" ಅಂದರು. ಕೂಡಲೇ ತುರ್ತು ಸಭೆ ಕರೆದು, ಮೂಲ ಪದಾರ್ಥದಲ್ಲಿದ್ದ ಮದ್ಯದ ಅಂಶವು ಯಾವುದೇ ಪರವಾನಿಗೆ ಇಲ್ಲದೆ ತಾನಾಗಿಯೇ ಉತ್ಪತ್ತಿಯಾಗಿದ್ದಕ್ಕೆ ಮಂಡಳಿಯನ್ನು ಅಭಿನಂದಿಸಲಾಯಿತು. ಮೌಲಾಸಾಬನಿಗೂ ಚಿಂತೆ ಇರಲಿಲ್ಲ, ಬಾಟ್ಲಿ ಮುಟ್ಟಿಲ್ಲವಲ್ಲ.

ಡಿಸೆಂಬರ್ ಇಪ್ಪತ್ತೈದು, ಮಧ್ಯಾಹ್ನ ಒಂದು ಗಂಟೆ. ಹೊಸಮನಿ ಸಾಹೇಬರು ಜೀಪಿನಿಂದ ಇಳಿದರು. ಮೃದು ಸ್ವಭಾವದ, ಕನ್ನಡಕದ ಮನುಷ್ಯ. ಚಪಾತಿ, ಕೋಳಿ ಸಾರು ಉಂಡು, "ಭಾಳ ರುಚಿ ಆಗೇತಿ" ಅಂದರು. ಪರದೆ ಎಳೆದು ಕತ್ತಲೆ ಮಾಡಿಸಿದೆ. ತೊಳೆದ ರುಮಾಲು ಸುತ್ತಿದ ಮೌಲಾಸಾಬ ಉರಿಯುವ ಕರ್ಪೂರದ ತಟ್ಟೆ ಹಿಡಿದು ಒಳಬಂದ. ಹಿಂದೆ ಮೂವರು ಸದಸ್ಯರು, ಶಿಷ್ಟಾಚಾರಕ್ಕಾಗಿ ಕೋಟು, ಸ್ವಂತ ಕಾರಣಕ್ಕಾಗಿ ಮೂಗಿಗೆ ಕರವಸ್ತ್ರ. ಸಾಹೇಬರು ಗಡಬಡಿಸಿ ಎದ್ದು, ಆರತಿ ಬಂತೆಂದು ತಿಳಿದು ಕೈಮುಗಿದರು. ಕರ್ಪೂರ ಆರಿದ ಮೇಲೆ ವಾಸನೆ ಅವರನ್ನು ಮುಟ್ಟಿತು.

"ಏನ್ರಿ ಇದು?"

"ಪುಡಿಂಗ್, ಸರ್. ಪರ್ಯಾಯ. ತಮ್ಮ ಹಬ್ಬದ್ದು," ಅಂದೆ.

"ನಮ್ಮ ಹಬ್ಬದ್ದು?" ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಾವು ಬೆಟಗೇರ್ಯಾವ್ರು. ನಮ್ಮ ಅಜ್ಜನ ಕಾಲದಿಂದ ಕ್ರಿಸ್‌ಮಸ್ಸಿಗೆ ಕರ್ಚಿಕಾಯಿ ಮಾಡ್ತೇವಿ. ನಮ್ಮವ್ವ ಈಗ ಡಬ್ಬಿ ತುಂಬಿಕೊಂಡು ನನ್ನ ದಾರಿ ನೋಡಾಕತ್ತಿರ್ತಾಳ. ಪುಡಿಂಗ್ ಅನ್ನೂದು ನಾ ಜಲ್ಮದಾಗ ಕಂಡಿಲ್ರಿ."

ಮೂವರು ಸದಸ್ಯರೂ ನನ್ನ ಕಡೆ ತಿರುಗಿದರು. ಇಂಥ ಹೊತ್ತಿಗೇ ಅನುಭವ ಬೇಕಾಗುವುದು.

"ಕಂಡಿಲ್ಲ ಅಂದ್ರ, ಸರ್," ಅಂದೆ ವಿನಯದಿಂದ, "ಇದು ಪುಡಿಂಗ್ ಅಲ್ಲ ಅಂತ ತಮಗ ಬರಿಯಾಕ ಬರೂದಿಲ್ಲ."

ಸಾಹೇಬರು ಕನ್ನಡಕ ಏರಿಸಿಕೊಂಡು, ಚಮಚಕ್ಕೆ ಕೈ ಹಾಕಿದರು. ಆಗ ಮೌಲಾಸಾಬ ಬಾಯಿಬಿಟ್ಟ. "ಸಾಹೇಬ್ರ, ನಿಮ್ಮ ಕಾಲಿಗೆ ಬೀಳ್ತೇನಿ, ತಿನ್ನಬ್ಯಾಡ್ರಿ. ಹೊಟ್ಟಿ ಕೆಡ್ತೈತಿ. ಸಹಿ ಅಷ್ಟ ಮಾಡ್ರಿ."

"ಎಷ್ಟು ವರ್ಷ ಆತು ನಿಮಗ ಇಲ್ಲಿ?"

"ಇಪ್ಪತ್ತೆರಡು ರಿ."

ಸಾಹೇಬರು ಪೆನ್ನು ತೆಗೆದು ಬರೆದರು: "ನೋಡಿದೆ. ಉರಿಯಿತು. ತೃಪ್ತಿಕರ." ಬರೆದವರೇ ಜೀಪು ಹತ್ತಿದರು. ಹುಗ್ಗಿಯನ್ನು ಹಿತ್ತಿಲಲ್ಲಿ ಹೂಳಲಾಯಿತು. ಮಾದರಿ ಪರೀಕ್ಷೆಯಲ್ಲಿ ಮುಗಿದಿದೆ ಎಂದು ನಡಾವಳಿಯಲ್ಲಿ ಬರೆದುಕೊಂಡೆವು. ಸಮಿತಿಯ ಮೊದಲಿನ ಒಂಬತ್ತೂ ನಡಾವಳಿಗಳಿಗೆ ಅದು ಸರಿಹೊಂದುತ್ತಿತ್ತು.

ಫೆಬ್ರುವರಿ ಒಂದರಂದು ಆದೇಶ ಬಂತು. ಮೌಲಾಸಾಬ ಕಾಯಂ! ಗುಡದಪ್ಪ ಹಾವೇರಿಯಿಂದ ಏಲಕ್ಕಿ ಹಾರ ತರಿಸಿ ಹಾಕಿದರು, ಹಸೀನಾಬಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಮಾರನೆಯ ದಿನ ಆತ ಎಂದಿನಂತೆ ಒಲೆ ಹಚ್ಚಲು ಹೋದಾಗ ನಾನೇ ತಡೆಯಬೇಕಾಯಿತು. ಹಳೆಯ ಇಪ್ಪತ್ತಾರು ಪತ್ರಗಳು ದಿನಗೂಲಿ ಮೌಲಾಸಾಬನಿಗೆ ಕೊಟ್ಟವು. ಕಾಯಂ ಆದೇಶದಲ್ಲಿ ಉಲ್ಲೇಖವಾದದ್ದು ಕೊನೆಯದೊಂದೇ ಆದ್ದರಿಂದ ಕಾಯಂ ಮೌಲಾಸಾಬನಿಗೆ ಅನ್ವಯಿಸುವುದು ಅದೊಂದೇ. ಅಂದರೆ ಆತ ಪುಡಿಂಗ್ ಪರ್ಯಾಯವನ್ನು ಬಿಟ್ಟು ಬೇರೇನೂ ಬೇಯಿಸುವಂತಿಲ್ಲ. ಅದನ್ನು ಬೇಯಿಸತಕ್ಕದ್ದು ನವೆಂಬರ್ ಇಪ್ಪತ್ತೈದಕ್ಕೆ.

"ಹಂಗಾರ ಅಲ್ಲೀತನಕ ನಾ ಏನ್ ಮಾಡ್ಲಿರಿ?"

"ಕುಂದ್ರು. ಕಾಯಂ ಅಂದ್ರ ಏನಂತ ತಿಳಕೊಂಡೀದಿ?"

ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಸಿದೆ. ಇಡೀ ಫೆಬ್ರುವರಿ ಆತ ಇಸ್ತ್ರಿ ಅಂಗಿ ತೊಟ್ಟು ಅಲ್ಲಿ ಕುಳಿತ; ಅತಿಥಿಗಳ ಊಟ ಎದುರಿನ ಖಾನಾವಳಿಯಿಂದ ಬಂತು. ಅಧಿಕ ವರ್ಷವಾದ್ದರಿಂದ ಆತನಿಗೆ ಒಂದು ದಿನ ಹೆಚ್ಚೇ ಸಿಕ್ಕಿತು. ಇಪ್ಪತ್ತೊಂಬತ್ತಕ್ಕೆ ಶಾಲು ಹೊದಿಸಿ ನಿವೃತ್ತಿಗೊಳಿಸಿದೆವು. ಕಾಯಂ ಸೇವೆ ಇಪ್ಪತ್ತೊಂಬತ್ತು ದಿನವಷ್ಟೇ ಆದ್ದರಿಂದ ಪಿಂಚಣಿಯ ಪ್ರಶ್ನೆ ಉದ್ಭವಿಸಲಿಲ್ಲ. ಪ್ರಭುಲಿಂಗಪ್ಪ ಗದ್ಗದಿತರಾಗಿ ಮಾತಾಡಿದರು: "ಇವರ ಕಾಯಂ ಸೇವಾದಾಗ ಒಂದು ದಿನಾನೂ ಉಪ್ಪು ಹೆಚ್ಚು ಆಗಿಲ್ಲ, ಕಮ್ಮಿ ಆಗಿಲ್ಲ."

ಖಾನಾವಳಿ ಊಟ ಸಮಿತಿಗೆ ಸೇರುತ್ತಿರಲಿಲ್ಲ. ಮಾರ್ಚ್ ಒಂದರಂದೇ ದಿನಗೂಲಿ ಅಡುಗೆಯವ ಬೇಕೆಂದು ಪ್ರಕಟಣೆ ಹಚ್ಚಿದೆವು. ಅರ್ಹತೆ: ಇದೇ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷದ ಅನುಭವ, ಇಪ್ಪತ್ತಾರು ತೃಪ್ತಿಪತ್ರ. ದಿನಗೂಲಿಗೆ ವಯಸ್ಸಿನ ಮಿತಿ ಇರಲಿಲ್ಲ. ಬಂದದ್ದು ಒಂದೇ ಅರ್ಜಿ. ಪೈಪೋಟಿ ಇಲ್ಲದಿದ್ದರೂ ಸಂದರ್ಶನ ಕಟ್ಟುನಿಟ್ಟಾಗಿಯೇ ನಡೆಯಿತು.

"ಹೆಸರು?" ಅಂತ ಕೇಳಿದೆ.

"ಮೌಲಾಸಾಬ ರಿ."

"ಹಿಂದ ಎಲ್ಲಿ ಕೆಲಸ ಮಾಡಿದ್ದಿ?"

"ಆ ಕುರ್ಚಿ ಮ್ಯಾಲ ರಿ."

"ಕಾಯಂ ಆಗಿ ಹೆಂಗನಸ್ತು?" ಅಂದರು ಮಹಮ್ಮದಗೌಸ.

"ಕುಂತು ಕುಂತು ಕಾಲು ಜೋಮು ಹಿಡದಾವ್ರಿ," ಅಂದ ಆತ, ಶಾಲನ್ನು ನಡುವಿಗೆ ಬಿಗಿಯಾಗಿ ಸುತ್ತಿಕೊಳ್ಳುತ್ತ. "ಒಲಿ ಹಚ್ಚಲೇನ್ರಿ?"

ಹಚ್ಚು ಅಂದೆವು. ಆತ ಒಳಗೆ ಹೋದ ಮೇಲೆ ನಾನು ಹೊಸ ಕಡತ ತೆರೆದು, "ದಿನಗೂಲಿ ಅಡುಗೆಯವರನ್ನು ಕಾಯಂಗೊಳಿಸುವ ಬಗ್ಗೆ" ಎಂದು ಬರೆದು, ಸದಸ್ಯರ ಸಹಿ ಪಡೆದೆ. ಚಹಾ ಬಂದಾಗ ಆತನ ಸಹಿಯನ್ನೂ ಪಡೆದೆ. ಆಕ್ಷೇಪಣೆ ಯಾರದೂ ಇರಲಿಲ್ಲ.